ಮಂಚದಿಂದ ಗಾಡಿಯವರೆಗೆ: ನಾನು ದುಡಿದ ಮೂರು ಅಗ್ನಿಶಾಮಕ ಠಾಣೆಗಳು

ರಾತ್ರಿ ಎರಡೂವರೆಗೆ ಬೆಲ್ ಹೊಡೆದಾಗ ಅಗ್ನಿಶಾಮಕ ಠಾಣೆಯಲ್ಲಿ ಮೊದಲು ಏಳುವುದು ಕಾಲು. ತಲೆ ಆಮೇಲೆ ಏಳುತ್ತದೆ. ಗಾಢ ನಿದ್ದೆಯಿಂದ ಎಬ್ಬಿಸಿದವನ ಮಂಪರು ಪೂರ್ತಿ ಹರಿಯಲು ಹದಿನೈದು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆಯೇ ಬೇಕು ಅನ್ನುತ್ತಾರೆ ನಿದ್ದೆಯನ್ನು ಅಧ್ಯಯನ ಮಾಡಿದವರು. ನಮಗಿರುವುದು ಹೆಚ್ಚೆಂದರೆ ಒಂದು ನಿಮಿಷ. ಅಷ್ಟರಲ್ಲಿ ಮಂಚ ಬಿಟ್ಟು, ಬಾಗಿಲು ದಾಟಿ, ಗಮ್‌ಬೂಟು ಏರಿಸಿ, ಜಲವಾಹನ ಹತ್ತಿರಬೇಕು. ನಿಂತು ಯೋಚಿಸಲು ಪುರುಸೊತ್ತಿಲ್ಲದ ಆ ನಿಮಿಷಕ್ಕೆ ಬೇಕಾದ ಯೋಚನೆಯನ್ನು ಕಟ್ಟಡ ಕಟ್ಟಿದವರೇ ಮೊದಲು ಮಾಡಿಟ್ಟಿರಬೇಕು.

ಇಲಾಖೆಯಲ್ಲಿ 29 ವರ್ಷ ದುಡಿದೆ. ಅದರಲ್ಲಿ ಬಹುಪಾಲು ಕಳೆದದ್ದು ಮೂರು ಠಾಣೆಗಳಲ್ಲಿ. ಮೊದಲನೆಯದು ಹಳೇ ಮೈಸೂರು ಸೀಮೆಯ ಜಿಲ್ಲಾ ಕೇಂದ್ರವೊಂದರ ಹಳೆಯ ಮಹಡಿ ಕಟ್ಟಡ. ಎರಡನೆಯದು ಬಯಲುಸೀಮೆಯ ತಾಲ್ಲೂಕು ಠಾಣೆ, ಎಲ್ಲವೂ ನೆಲಮಟ್ಟದಲ್ಲೇ. ಮೂರನೆಯದು ದೊಡ್ಡ ಊರಿನ ಹೊರವಲಯದಲ್ಲಿ ಹೊಸದಾಗಿ ಕಟ್ಟಿದ, ಮೂರು ಅಂತಸ್ತಿನ ಠಾಣೆ. ಊರುಗಳ ಹೆಸರು ಬೇಡ. ದೂರುವುದಕ್ಕಾಗಿ ಬರೆಯುತ್ತಿಲ್ಲ. ಹೊಸ ಠಾಣೆಗಳ ನಕ್ಷೆ ತಯಾರಾಗುವಾಗ ಅಲ್ಲಿ ಮಲಗಿ ಎದ್ದವರ ಅನುಭವವನ್ನು ಯಾರೂ ಕೇಳುವುದಿಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ಅಳೆದದ್ದು ಹೇಗೆಂದರೆ: ಮೂರನೇ ಠಾಣೆಯಲ್ಲಿ ಅಧಿಕಾರಿಯಾದ ಮೇಲೆ ಸ್ಟಾಪ್‌ವಾಚ್ ಹಿಡಿದು ಹಗಲೂ ರಾತ್ರಿಯೂ ಟರ್ನ್‌ಔಟ್ ಡ್ರಿಲ್ ಮಾಡಿಸಿದೆ. ಉಳಿದೆರಡು ಠಾಣೆಗಳಲ್ಲಿದ್ದ ಗೆಳೆಯರಿಗೆ ಹೇಳಿ ಅಲ್ಲೂ ಅದೇ ರೀತಿ ಮಾಡಿಸಿದೆ. ಬೆಲ್ ಹೊಡೆದ ಕ್ಷಣದಿಂದ ಗಾಡಿ ಗೇಟು ದಾಟುವವರೆಗೆ ಲೆಕ್ಕ. ಜನ ಬೇರೆ, ಅವರ ವಯಸ್ಸು ಬೇರೆ, ಹಾಗಾಗಿ ಸೆಕೆಂಡುಗಳನ್ನು ಅಂದಾಜು ಎಂದೇ ತೆಗೆದುಕೊಳ್ಳಿ.

ಹಗಲಲ್ಲಿ ಹಳೆಯ ಮಹಡಿ ಠಾಣೆಗೂ ಹೊಸ ಠಾಣೆಗೂ ವ್ಯತ್ಯಾಸವೇ ಇರಲಿಲ್ಲ. ಎರಡರಲ್ಲೂ ಐವತ್ತು ಸೆಕೆಂಡಿನ ಆಸುಪಾಸು. ನೆಲಮಟ್ಟದ ಠಾಣೆ ನಲವತ್ತರ ಒಳಗೇ ಮುಗಿಸುತ್ತಿತ್ತು. ರಾತ್ರಿಯ ಲೆಕ್ಕ ಮಾತ್ರ ನನ್ನನ್ನು ಬೆಚ್ಚಿಬೀಳಿಸಿತು. ನೆಲಮಟ್ಟದ ಠಾಣೆ 45, ಹಳೆಯ ಮಹಡಿ ಠಾಣೆ 70, ಕೋಟಿಗಟ್ಟಲೆ ಸುರಿದು ಕಟ್ಟಿದ ಹೊಸ ಠಾಣೆ ಮೊದಲ ತಿಂಗಳಲ್ಲಿ 85!

ಇಪ್ಪತ್ತು ಸೆಕೆಂಡಿನ ಬೆಲೆ ಏನು ಎಂದು ಕೇಳುವವರಿದ್ದಾರೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. ಇಪ್ಪತ್ತು ಸೆಕೆಂಡ್ ಅಂದರೆ 200 ಮೀಟರ್. ಅಂದರೆ ಊರಿನ ಪ್ರತಿ ಮನೆಯನ್ನೂ ಠಾಣೆಯಿಂದ ಇನ್ನೂ 200 ಮೀಟರ್ ಆಚೆಗೆ ತಳ್ಳಿದ ಹಾಗೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಘವಾದ ಎನ್‌ಎಫ್‌ಪಿಎಯ 1710ನೇ ಮಾನದಂಡ ಬೆಂಕಿಯ ಕರೆಗೆ ಸಿದ್ಧವಾಗಿ ಹೊರಡಲು ಕೊಡುವ ಸಮಯ 80 ಸೆಕೆಂಡ್. ನಮ್ಮ ದೇಶದಲ್ಲಿ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿ ನಗರಗಳಿಗೆ ಹೇಳಿದ್ದು 5ರಿಂದ 7 ನಿಮಿಷದೊಳಗೆ ಸ್ಥಳ ಮುಟ್ಟಬೇಕೆಂದು. ಟ್ರಾಫಿಕ್ ನಮ್ಮ ಕೈಯಲ್ಲಿಲ್ಲ. ಮಂಚದಿಂದ ಗಾಡಿಯವರೆಗಿನ ದಾರಿ ನಮ್ಮ ಕೈಯಲ್ಲೇ ಇದೆ.

ಮಹಡಿ ಠಾಣೆಯಲ್ಲಿ ಬ್ಯಾರಕ್ ಮೇಲೆ, ಗಾಡಿಗಳು ಕೆಳಗೆ. ನಡುವೆ 21 ಮೆಟ್ಟಿಲು, ಅರ್ಧಕ್ಕೆ ಬಂದಾಗ ಹಿಂದಕ್ಕೆ ತಿರುಗುವ ಮೆಟ್ಟಿಲಸಾಲು. ಕಷ್ಟ ಕೊಡುತ್ತಿದ್ದುದು ಆ ತಿರುವು. ಮೇಲೆ ಮಲಗಿದ್ದಾಗ ಗಾಡಿ ನಮ್ಮ ಎಡಗಡೆ ಇದೆ ಎಂದು ಮೈಗೆ ಗೊತ್ತಿರುತ್ತದೆ. ಪೂರ್ತಿ ತಿರುಗಿ ಇಳಿದು ಬಾಗಿಲಿಗೆ ಬಂದಾಗ ಅದು ಬಲಗಡೆಗೆ ಬಂದಿರುತ್ತದೆ. ಎಚ್ಚರವಿದ್ದವನಿಗೆ ಇದೊಂದು ವಿಷಯವೇ ಅಲ್ಲ. ನಿದ್ದೆಗಣ್ಣಿನವನು ಅರೆಕ್ಷಣ ನಿಂತೇ ನಿಲ್ಲುತ್ತಾನೆ, ಹಿಂದಿನವನು ಬಂದು ಅವನಿಗೆ ಡಿಕ್ಕಿ ಹೊಡೆಯುತ್ತಾನೆ. ಒಂದು ಮಳೆಗಾಲದ ರಾತ್ರಿ ನಮ್ಮ ಜೊತೆಯವನೊಬ್ಬ ಆ ತಿರುವಿನಲ್ಲೇ ಬಿದ್ದು ಮಣಿಕಟ್ಟು ಮುರಿದುಕೊಂಡ. ಬೆಂಕಿಯ ಮುಖವನ್ನೂ ನೋಡದೆ ಆಸ್ಪತ್ರೆ ಸೇರಿದ. ಅವನನ್ನು ಬಿಟ್ಟು ಐದೇ ಜನ ಕಾಲ್‌ಗೆ ಹೋದೆವು. ಆ ರಾತ್ರಿ ನನಗೆ ಮರೆತಿಲ್ಲ.

ಮಹಡಿಯ ತೊಂದರೆಗೆ ಜಗತ್ತು ಕಂಡುಕೊಂಡ ಉತ್ತರ ಜಾರುಗಂಬ. ಕುದುರೆಗಳು ಗಾಡಿ ಎಳೆಯುತ್ತಿದ್ದ ಕಾಲದಲ್ಲಿ ಅಮೆರಿಕದ ಠಾಣೆಗಳಲ್ಲಿ ಕುದುರೆ ಕೆಳಗೆ, ಹುಲ್ಲೂ ಜನರೂ ಮೇಲೆ. ಕುದುರೆ ಮೆಟ್ಟಿಲು ಹತ್ತಿ ಬರದಿರಲೆಂದು ಮೆಟ್ಟಿಲನ್ನು ಸುರುಳಿಯಾಗಿ ಕಟ್ಟುತ್ತಿದ್ದರು. ಆ ಸುರುಳಿಯಲ್ಲಿ ಮನುಷ್ಯರೂ ತಡವಾಗುತ್ತಿದ್ದರು. 1878ರಲ್ಲಿ ಶಿಕಾಗೋದ 21ನೇ ಕಂಪನಿಯ ಕ್ಯಾಪ್ಟನ್ ಡೇವಿಡ್ ಕೆನ್ಯನ್ ನೆಲಕ್ಕೆ ರಂಧ್ರ ಕೊರೆಸಿ ಮರದ ಕಂಬ ನಿಲ್ಲಿಸಿದರು. ಅದು ಕರಿಯ ಅಗ್ನಿಶಾಮಕರ ತಂಡವಾಗಿತ್ತು. ಮೊದಲು ನಕ್ಕವರೇ ಆಮೇಲೆ ಅವರ ವೇಗ ನೋಡಿ ತಾವೂ ಕಂಬ ಹಾಕಿಸಿಕೊಂಡರು. ತರಬೇತಿಗೆ ಹೊರರಾಜ್ಯಕ್ಕೆ ಹೋದಾಗ ನಾನೂ ಒಮ್ಮೆ ಜಾರಿ ನೋಡಿದ್ದೇನೆ. ವೇಗ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಲಾಭ, ಎತ್ತ ಮುಖ ಮಾಡಿ ಹಿಡಿದೆಯೋ ಅತ್ತ ಮುಖ ಮಾಡಿಯೇ ಇಳಿಯುತ್ತೀಯ, ದಿಕ್ಕು ತಪ್ಪುವುದಿಲ್ಲ. ಆದರೆ ನಿದ್ದೆಗಣ್ಣಲ್ಲಿ ಕಂಬ ಹಿಡಿಯುವುದು ಕಾಲು ಉಳುಕಿಸಿಕೊಳ್ಳುವ ದಾರಿಯೂ ಹೌದು. ಅದಕ್ಕೇ ಎಷ್ಟೋ ನಗರಗಳು ಈಗ ಕಂಬ ತೆಗೆಸುತ್ತಿವೆ. ನನ್ನನ್ನು ಕೇಳಿದರೆ, ಮಹಡಿ ಕಟ್ಟಿ ಕಂಬ ಹಾಕುವ ಬದಲು ಬ್ಯಾರಕನ್ನೇ ಕೆಳಗೆ ತನ್ನಿ.

ಹಾಗಂತ ಆ ಹಳೆಯ ಮಹಡಿಯನ್ನು ಬೈದು ಕೈಬಿಡಲು ಮನಸ್ಸು ಬರುವುದಿಲ್ಲ. ಬ್ಯಾರಕ್ ಮುಂದೆ ಉದ್ದನೆಯ ಮೊಗಸಾಲೆ ಇತ್ತು. ಸಂಜೆ ರೋಲ್ ಕಾಲ್ ಮುಗಿದ ಮೇಲೆ ಎಲ್ಲರೂ ಚಹಾ ಲೋಟ ಹಿಡಿದು ಅಲ್ಲೇ ನಿಲ್ಲುತ್ತಿದ್ದೆವು. ಅಲ್ಲಿಂದ ಊರಿನ ಅರ್ಧ ಭಾಗ ಕಾಣುತ್ತಿತ್ತು: ದೊಡ್ಡ ಕೆರೆಯ ಏರಿ, ಹತ್ತಿ ಗೋದಾಮಿನ ಶೀಟುಗಳು, ಮಾರ್ಕೆಟ್ಟಿನ ಗಡಿಯಾರ, ರೈಲ್ವೆ ಗೇಟು. ನಮ್ಮ ಹಿರಿಯ ಚಾಲಕರೊಬ್ಬರು ಹೊಸಬರನ್ನು ನಿಲ್ಲಿಸಿಕೊಂಡು, "ನೋಡಪ್ಪಾ, ಗೋದಾಮಿನ ಹಿಂದೆ ಆ ಅರಳಿಮರ ಕಾಣ್ತದಲ್ಲ, ಅದರ ಪಕ್ಕದ ಗಲ್ಲಿಯೊಳಗೆ ನಮ್ಮ ಗಾಡಿ ಹೋಗಲ್ಲ. ಹೋಸ್ ಎಳ್ಕೊಂಡೇ ಓಡಬೇಕು" ಎಂದು ಹೇಳಿಕೊಡುತ್ತಿದ್ದರು. ಕಾಲ್ ಬರುವ ಮೊದಲೇ ಹೊಗೆ ಕಂಡು ಹೊರಟ ದಿನಗಳೂ ಇವೆ.

ಒಂದು ಊರನ್ನು ತಿಳಿಯಲು ಎರಡು ಬಗೆಯಿದೆ. ಎಡಕ್ಕೆ ಹೋಗು, ಎರಡನೇ ಬಲಕ್ಕೆ ತಿರುಗು ಎಂದು ದಾರಿಯಾಗಿ ತಿಳಿಯುವುದು ಒಂದು. ಮೇಲಿನಿಂದ ನೋಡಿದ ಹಾಗೆ, ಯಾವುದರ ಪಕ್ಕ ಯಾವುದು ಎಂದು ಹರವಾಗಿ ತಿಳಿಯುವುದು ಇನ್ನೊಂದು. ರಸ್ತೆ ಅಗೆದಿದ್ದರೆ, ಜಾತ್ರೆಯ ಪೆಂಡಾಲ್ ಅಡ್ಡ ಬಂದರೆ ಮೊದಲ ಬಗೆಯವನು ಸಿಕ್ಕಿಹಾಕಿಕೊಳ್ಳುತ್ತಾನೆ, ಎರಡನೆಯವನು ಬೇರೆ ದಾರಿ ಹಿಡಿಯುತ್ತಾನೆ. ಲಂಡನ್ನಿನ ಟ್ಯಾಕ್ಸಿ ಚಾಲಕರ ಮೆದುಳನ್ನು ಸ್ಕ್ಯಾನ್ ಮಾಡಿ ಎಲೀನರ್ ಮ್ಯಾಗ್ವೈರ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಹೆಸರುವಾಸಿ. ಜಾಗದ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಹಿಂಭಾಗ ಆ ಚಾಲಕರಲ್ಲಿ ಉಳಿದವರಿಗಿಂತ ದೊಡ್ಡದಿತ್ತು. ಅದನ್ನು ಓದಿದಾಗ ನನಗೆ ನೆನಪಾದದ್ದು ಮೊಗಸಾಲೆಯಲ್ಲಿ ನಿಂತು ಅರಳಿಮರ ತೋರಿಸುತ್ತಿದ್ದ ಆ ಚಾಲಕರು.

ನೆಲಮಟ್ಟದ ಠಾಣೆಯ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ, ಅದೇ ಅದರ ಗುಣ. ಉದ್ದನೆಯ ಬ್ಯಾರಕ್, ಎರಡು ಸಾಲು ಮಂಚ, ನಡುವೆ ಓಣಿ. ಓಣಿಯ ಕೊನೆಗೆ ಒಂದೇ ಬಾಗಿಲು, ಬಾಗಿಲಾಚೆ ಗಾಡಿ. ಹದಿನೆಂಟು ಹೆಜ್ಜೆ, ಒಂದು ತಿರುವು. ಕರೆಂಟ್ ಹೋದ ರಾತ್ರಿಯೂ ಸಮಯ ಬದಲಾಗುತ್ತಿರಲಿಲ್ಲ. ಗಾಡಿ ಹಿಂದಿನ ಗೇಟಿನಿಂದ ಬಂದು ಮುಂದಿನ ಗೇಟಿನಿಂದ ಹೋಗುವಂತಿತ್ತು, ರಿವರ್ಸ್ ತೆಗೆಯುವ ತಾಪತ್ರಯವಿರಲಿಲ್ಲ.

ಆದರೆ ಈ ಹತ್ತಿರವೇ ಒಂದು ಅಪಾಯ. ಇಂಜಿನ್ ಚಾಲೂ ಮಾಡಿದರೆ ಡೀಸೆಲ್ ಹೊಗೆ ನೇರ ಹಾಸಿಗೆಗೆ ಬರುತ್ತಿತ್ತು. ಬೆಂಕಿಯಿಂದ ಬಂದು ಮಸಿ ಹಿಡಿದ ಕೋಟು, ಹೆಲ್ಮೆಟ್ಟುಗಳನ್ನು ಮಂಚದ ಗೂಟಕ್ಕೇ ನೇತುಹಾಕುತ್ತಿದ್ದೆವು. ಆ ವಾಸನೆಯನ್ನು ಕೆಲಸದ ಗುರುತು ಎಂದು ಹೆಮ್ಮೆ ಪಟ್ಟವರು ನಾವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು, 2022ರಲ್ಲಿ ಅಗ್ನಿಶಾಮಕರ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪಿಗೆ ಸೇರಿಸಿತು. ಆ ಬ್ಯಾರಕಿನಲ್ಲಿ ನನ್ನ ಜೊತೆ ಮಲಗುತ್ತಿದ್ದವರಲ್ಲಿ ಈಗ ಕೆಮ್ಮಿಕೊಂಡೇ ಫೋನಿನಲ್ಲಿ ಮಾತಾಡುವವರಿದ್ದಾರೆ. ಕಾರಣ ಇದೇ ಎಂದು ಹೇಳಲು ನಾನು ಡಾಕ್ಟರಲ್ಲ. ಆದರೆ ಅವರ ಕೆಮ್ಮು ಕೇಳಿದಾಗೆಲ್ಲ ಆ ಗೂಟಗಳೇ ಕಣ್ಣಿಗೆ ಬರುತ್ತವೆ.

ಹೊಸ ಠಾಣೆಯನ್ನು ಕಟ್ಟಿದವರು ಈ ವಿಷಯ ಚೆನ್ನಾಗಿ ತಿಳಿದುಕೊಂಡಿದ್ದರು. ಕೊಳೆ ಸಾಮಾನಿಗೆ ಬೇರೆ ಕೋಣೆ, ತೊಳೆಯಲು ಬೇರೆ ಜಾಗ, ಮಲಗಲು ಮೊದಲ ಮಹಡಿಯಲ್ಲಿ ಇಬ್ಬಿಬ್ಬರಿಗೆ ಒಂದು ಕೋಣೆ, ಒಳ್ಳೆಯ ಗಾಳಿ. ಮೆಟ್ಟಿಲೂ ಅಗಲ. ನಡೆಯುವ ದೂರ ಹಳೆಯ ಮಹಡಿ ಠಾಣೆಗಿಂತ ಕಡಿಮೆಯೇ. ಹಾಗಿದ್ದೂ 85 ಸೆಕೆಂಡ್ ಯಾಕೆ?

ಕಾರಣ ಹುಡುಕಲು ನನಗೆ ಮೂರು ವಾರ ಬೇಕಾಯಿತು. ಕಟ್ಟಡ ಕನ್ನಡಿ ಹಿಡಿದ ಹಾಗಿತ್ತು. ಕಾರಿಡಾರಿನ ಎರಡೂ ತುದಿಗೆ ಒಂದೇ ಥರದ ಮೆಟ್ಟಿಲು, ಒಂದೇ ಬಣ್ಣದ ಗೋಡೆ, ಒಂದೇ ಅಳತೆಯ ಬಾಗಿಲುಗಳು. ಒಂದು ತುದಿಯಲ್ಲಿ ಇಳಿದರೆ ಗಾಡಿಗಳಿರುವ ಬೇ, ಇನ್ನೊಂದರಲ್ಲಿ ಇಳಿದರೆ ಹಿಂದಿನ ಡ್ರಿಲ್ ಯಾರ್ಡ್. ಕೋಣೆಯಿಂದ ಹೊರಬಿದ್ದವನು ಎಡಕ್ಕೋ ಬಲಕ್ಕೋ ಎಂದು ತೀರ್ಮಾನಿಸಬೇಕು, ಅದೂ ಎದುರು ಬದಿಯ ಕೋಣೆಯವನಿಗೆ ಉತ್ತರ ತಿರುವುಮುರುವು. ಹಗಲು ಕಿಟಕಿಯ ಬೆಳಕೇ ದಿಕ್ಕು ಹೇಳುತ್ತಿತ್ತು. ರಾತ್ರಿ ಹೇಳುವವರಿಲ್ಲ. ಒಂದು ರಾತ್ರಿ ಇಬ್ಬರು ಹೊಸ ಹುಡುಗರು ಡ್ರಿಲ್ ಯಾರ್ಡಿನ ಕತ್ತಲಲ್ಲಿ ನಿಂತಿದ್ದರು, ಗಾಡಿ ಅವರಿಗಾಗಿ ಮುಂದೆ ಕಾಯುತ್ತಿತ್ತು. ಗದರಿಸಲು ಬಾಯಿ ಬರಲಿಲ್ಲ. ತಪ್ಪು ಅವರದಾಗಿರಲಿಲ್ಲ.

ಮೂರು ಠಾಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಖಚಿತವಾದದ್ದು ಇದು. ಹೆಜ್ಜೆಗಳ ಸಂಖ್ಯೆಗಿಂತ, "ಈಗ ಯಾವ ಕಡೆ?" ಎಂದು ಕೇಳಿಕೊಳ್ಳಬೇಕಾದ ಜಾಗಗಳ ಸಂಖ್ಯೆ ಮುಖ್ಯ. ನೆಲಮಟ್ಟದ ಠಾಣೆಯಲ್ಲಿ ಅಂಥ ಜಾಗ ಒಂದೂ ಇಲ್ಲ. ಮಹಡಿ ಠಾಣೆಯಲ್ಲಿ ಒಂದು, ಮೆಟ್ಟಿಲ ಬುಡದಲ್ಲಿ. ಹೊಸ ಠಾಣೆಯಲ್ಲಿ ಮೂರು.

ನಾವು ಮಾಡಿದ ಪರಿಹಾರಕ್ಕೆ ಹೆಚ್ಚು ಖರ್ಚಾಗಲಿಲ್ಲ. ಪ್ರತಿ ಕೋಣೆಯ ಹೊಸಿಲಿನಿಂದ ಗಾಡಿಯ ಬಾಗಿಲವರೆಗೆ ನೆಲಕ್ಕೆ ಅಂಗೈ ಅಗಲದ ಹಳದಿ ಪಟ್ಟಿ ಬಳಿಸಿದೆವು. ಬೇ ಕಡೆಯ ಮೆಟ್ಟಿಲ ಗೋಡೆಗೆ ಕೆಂಪು ಬಣ್ಣ. ಬೆಲ್ ಹೊಡೆದ ಕೂಡಲೇ ಅದೇ ಕಡೆಯ ದೀಪ ಮಾತ್ರ ಹೊತ್ತುವಂತೆ ಎಲೆಕ್ಟ್ರಿಷಿಯನ್ ವೈರಿಂಗ್ ಬದಲಿಸಿಕೊಟ್ಟರು. ಎರಡು ತಿಂಗಳಲ್ಲಿ 85 ಇದ್ದದ್ದು 60ಕ್ಕೆ ಇಳಿಯಿತು. ನೆಲಮಟ್ಟದ ಠಾಣೆಯ 45 ಮುಟ್ಟಲಿಲ್ಲ, ಮಹಡಿಯಿರುವವರೆಗೆ ಮುಟ್ಟುವುದೂ ಇಲ್ಲ.

ನಕ್ಷೆಯ ವಿಷಯ ಇನ್ನೂ ಸೂಕ್ಷ್ಮ. ಕರೆಗಳು ಬರುವ ಕೋಣೆಯಾದ ವಾಚ್‌ರೂಮಿನಲ್ಲಿ ನಮ್ಮ ವ್ಯಾಪ್ತಿಯ ದೊಡ್ಡ ನಕ್ಷೆ ತೂಗುಹಾಕಿದ್ದರು, ದಕ್ಷಿಣದ ಗೋಡೆಯ ಮೇಲೆ. ನಕ್ಷೆಯಲ್ಲಿ ಉತ್ತರ ಮೇಲೆ, ಪೂರ್ವ ಬಲಕ್ಕೆ. ಆದರೆ ಅದನ್ನು ನೋಡುವವನು ದಕ್ಷಿಣಕ್ಕೆ ಮುಖ ಮಾಡಿರುತ್ತಾನೆ, ನಿಜವಾದ ಪೂರ್ವ ಅವನ ಎಡಗೈ ಕಡೆ. ನಕ್ಷೆಯಲ್ಲಿ ಬಲಕ್ಕೆ ಬೆರಳಿಟ್ಟು ನೋಡಿ ಓಡಿಬಂದ ಮುಖ್ಯಸ್ಥ ಗೇಟಿನಲ್ಲಿ ಒಂದು ಕ್ಷಣ ತಡವರಿಸುವುದನ್ನು ನಾನು ಎಷ್ಟೋ ಸಲ ಕಂಡೆ. ನಕ್ಷೆಯನ್ನು ಉತ್ತರದ ಗೋಡೆಗೆ ಸಾಗಿಸಿದೆವು. ಇನ್ನೊಂದು ಪ್ರತಿಯನ್ನು ಊಟದ ಮೇಜಿನ ಎದುರಿಗೂ ಅದೇ ದಿಕ್ಕಿಗೆ ಹಾಕಿಸಿದೆ. ಮುದ್ದೆ ಮುರಿಯುತ್ತಾ ಕಣ್ಣು ಅದರ ಮೇಲೆ ಓಡಾಡಲಿ ಎಂಬ ಆಸೆ. ಮೊಗಸಾಲೆ ಇಲ್ಲದ ಕಟ್ಟಡಕ್ಕೆ ಅಷ್ಟಾದರೂ ಬೇಕಿತ್ತು.

ಇನ್ನೊಂದು ವಿಷಯದಲ್ಲಿ ಹಳೆಯ ಕಟ್ಟಡವೇ ಗೆದ್ದಿತು. ಹೊಗೆಯಲ್ಲಿ ಹುಡುಕುವ ಅಭ್ಯಾಸಕ್ಕೆ ಬಿಎ ಸೆಟ್ಟಿನ (ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಉಪಕರಣದ) ಮಾಸ್ಕಿಗೆ ಕಪ್ಪು ಕಾಗದ ಅಂಟಿಸಿ ಠಾಣೆಯೊಳಗೇ ಬಿಡುತ್ತೇವೆ. ಎಡಗೈ ಗೋಡೆಗೆ ತಾಗಿಸಿಕೊಂಡು ಹೋದವನು ಅದೇ ಗೋಡೆಯನ್ನು ಬಲಗೈಯಲ್ಲಿ ಹಿಡಿದು ವಾಪಸ್ಸು ಬರಬೇಕು, ಬಾಗಿಲು ಎಷ್ಟು, ಮೂಲೆ ಎಷ್ಟು ಎಂದು ಮನಸ್ಸಿನಲ್ಲೇ ಎಣಿಸಬೇಕು. ಮಹಡಿ ಠಾಣೆಯ ಅಂಕುಡೊಂಕು ಕೋಣೆಗಳು, ದಪ್ಪ ಗೋಡೆಗಳು, ಒಂದರೊಳಗೊಂದು ಉಗ್ರಾಣ ಇದಕ್ಕೆ ಹೇಳಿಮಾಡಿಸಿದಂತಿದ್ದವು. ಅಮೆರಿಕದ ವೂಸ್ಟರ್ ಎಂಬ ಊರಿನಲ್ಲಿ 1999ರ ಡಿಸೆಂಬರ್ 3ರಂದು ಪಾಳುಬಿದ್ದ ಶೀತಲಗೃಹಕ್ಕೆ ಬೆಂಕಿ ಬಿತ್ತು. ಒಳಗೆ ಹೋದ ಇಬ್ಬರು ಹೊಗೆಯಲ್ಲಿ ದಾರಿ ತಪ್ಪಿದರು. ಅವರನ್ನು ಹುಡುಕಲು ಹೋದ ನಾಲ್ವರೂ ಬರಲಿಲ್ಲ. ಆರೂ ಜನ ತೀರಿಕೊಂಡರು. ಕಿಟಕಿಯಿಲ್ಲದ, ಚಕ್ರವ್ಯೂಹದಂಥ ಕಟ್ಟಡ. ಈ ಘಟನೆಯನ್ನು ನಾನು ಪ್ರತಿ ಹೊಸ ತಂಡಕ್ಕೂ ಹೇಳಿದ್ದೇನೆ. ಹೊಸ ಠಾಣೆಯ ಒಂದೇ ಅಚ್ಚಿನ ಕೋಣೆಗಳಲ್ಲಿ ನಮ್ಮ ಹುಡುಗರು ಮೂರನೇ ಡ್ರಿಲ್‌ಗೇ ಎಲ್ಲವನ್ನೂ ಬಾಯಿಪಾಠ ಮಾಡಿಬಿಡುತ್ತಿದ್ದರು. ಮಂಚ, ಬೀರು, ಹಳೆಯ ಟೈರುಗಳನ್ನು ಅಡ್ಡಡ್ಡ ಇಟ್ಟು ಪ್ರತಿ ವಾರ ದಾರಿ ಬದಲಿಸಬೇಕಾಯಿತು.

ಈಗ ಯಾರಾದರೂ ಹೊಸ ಠಾಣೆಗೆ ಯಾವುದು ಮಾದರಿ ಎಂದು ಕೇಳಿದರೆ ನನ್ನ ಉತ್ತರ ನೆಲಮಟ್ಟದ ಠಾಣೆ, ಆದರೆ ಗೂಟಗಳಿಲ್ಲದೆ. ಬ್ಯಾರಕ್ ಮತ್ತು ಗಾಡಿಗಳ ನಡುವೆ ಗಾಳಿಯಾಡುವ ಒಂದು ಅಂಗಳ ಇರಲಿ, ನಾಲ್ಕು ಹೆಜ್ಜೆ ಹೆಚ್ಚಾದರೂ ಪರವಾಗಿಲ್ಲ. ಕೊಳೆ ಸಾಮಾನು ಅಂಗಳದಾಚೆ ಉಳಿಯಲಿ. ಹೋಸ್ ಒಣಹಾಕುವ ಟವರ್ ಹೇಗೂ ಕಟ್ಟುತ್ತೀರಿ, ಅದರ ಮೇಲೆ ನಾಲ್ಕು ಜನ ನಿಲ್ಲುವಷ್ಟು ಕಟ್ಟೆ ಮಾಡಿಕೊಡಿ, ಹೊಸಬರು ಊರು ನೋಡಲಿ. ಜಾಗವಿಲ್ಲದ ನಗರದಲ್ಲಿ ಮಹಡಿ ಕಟ್ಟಲೇಬೇಕಾದರೆ ನಕ್ಷೆಗೆ ಸಹಿ ಹಾಕುವ ಮುಂಚೆ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆದು, ರಾತ್ರಿ ದೀಪವಿಲ್ಲದೆ ಅದರಲ್ಲಿ ಫೈರ್‌ಮನ್‌ಗಳನ್ನು ಓಡಿಸಿ ನೋಡಿ. ಎಲ್ಲಿ ಅವರು ನಿಲ್ಲುತ್ತಾರೋ ಅಲ್ಲಿ ಗೆರೆ ಬದಲಿಸಿ.

ಹೋದ ತಿಂಗಳು ಆ ಹೊಸ ಠಾಣೆಗೆ ಹೋಗಿದ್ದೆ. ಕೆಂಪು ಗೋಡೆ ಹಾಗೇ ಇದೆ, ನಕ್ಷೆಯೂ ಉತ್ತರಕ್ಕೇ ಇದೆ. ಹಳದಿ ಪಟ್ಟಿ ಮಾತ್ರ ಮೆಟ್ಟಿಲ ಬುಡದಲ್ಲಿ ಬೂಟುಕಾಲಿಗೆ ಸವೆದು ಸಿಮೆಂಟು ಕಾಣುತ್ತಿತ್ತು. ವಾಚ್‌ರೂಮಿನಲ್ಲಿದ್ದ ಹುಡುಗನಿಗೆ ತೋರಿಸಿದೆ. "ಈ ಭಾನುವಾರವೇ ಬಳಿತೀವಿ ಸರ್, ಡಬ್ಬ ತಂದಿಟ್ಟಿದ್ದೀವಿ" ಅಂದ.