ಮುಂಬಾಗಿಲಿನ ಸ್ಟೀಲ್ ಹಿಡಿಕೆ: ಮೂರು ಬೇಸಿಗೆಗಳ ಬಳಕೆಯ ನಂತರ

ಕಲಬುರಗಿಯ ನಮ್ಮ ಮನೆಯ ಮುಂಬಾಗಿಲಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಹಿಡಿಕೆ ಹಾಕಿಸಿ ಮೂರು ಬೇಸಿಗೆ ಕಳೆದಿವೆ. ಹಿಡಿ ಜೋತು ಬಿದ್ದಿಲ್ಲ, ಹಿಂದಿನ ಪಟ್ಟಿ ಸಡಿಲವಾಗಿಲ್ಲ, ಹೊಳಪು ಸುಲಿದಿಲ್ಲ. ಬಾಗಿಲು ಪಡುವಣಕ್ಕೆ ಮುಖ ಮಾಡಿದೆ. ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಬಿಸಿಲೆಲ್ಲ ಅದರ ಮೇಲೆಯೇ. ಮಳೆಗಾಲದ ಎರಚಲೂ ಅದಕ್ಕೇ ಬಡಿಯುತ್ತದೆ. ಇಷ್ಟನ್ನು ತಾಳಿಕೊಂಡ ವಸ್ತುವಿನ ಬಗ್ಗೆ ಈಗ ಧೈರ್ಯವಾಗಿ ನಾಲ್ಕು ಮಾತು ಬರೆಯಬಹುದು. ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳಲ್ಲಿ ಹೊಳಪಿನ ವರ್ಣನೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಹಿಡಿಕೆಯ ನಿಜವಾದ ಗುಣ ಗೊತ್ತಾಗುವುದು ಅದರೊಳಗಿನ ಸ್ಪ್ರಿಂಗ್ ದಣಿಯುವ ಹೊತ್ತಿಗೆ.

ಕಂಪನಿಯ ಹೆಸರು ಹೇಳುವುದಿಲ್ಲ. ಡಬ್ಬಿಯ ಮೇಲಿನ ಹೆಸರಿಗಿಂತ ಲೋಹ, ಅಳತೆ, ಸ್ಪ್ರಿಂಗ್ ಈ ಮೂರನ್ನು ನೋಡಿ ಕೊಳ್ಳಬೇಕು ಎಂಬುದೇ ನನ್ನ ಮಾತು. ಈ ಮೂರೂ ಸರಿಯಿದ್ದರೆ ಯಾವ ಹೆಸರಿನದ್ದಾದರೂ ನಡೆಯುತ್ತದೆ.

ಹಳೆಯ ಹಿಡಿಕೆ ಕತ್ತಿನ ಹತ್ತಿರ, ಅಂದರೆ ಹಿಡಿಯು ಪಟ್ಟಿಗೆ ಸೇರುವ ಜಾಗದಲ್ಲಿ, ತುಂಡಾಗಿತ್ತು. ಮೇಲೆ ಬಂಗಾರದ ಬಣ್ಣ, ಮುರಿದ ಜಾಗದಲ್ಲಿ ಬೂದು ಬಣ್ಣದ ಹರಳು ಹರಳಾದ ಲೋಹ. ಅದು ಸತುವಿನ ಮಿಶ್ರಲೋಹ. ಅಂಗಡಿಗಳಲ್ಲಿ ‘ಜಿಂಕ್’ ಎಂದು ಕೊಡುವ ಹಿಡಿಕೆಗಳೆಲ್ಲ ಇದರವೇ. ಸತುವನ್ನು ನಮ್ಮ ಕಡೆಯವರು ಹೀಗಳೆಯುವಂತಿಲ್ಲ. ಪಕ್ಕದ ಬೀದರಿನ ಬಿದರಿ ಸಾಮಾನು ಬಹುಪಾಲು ಸತುವಿನದೇ, ಅದಕ್ಕೆ ಸೇರುವ ತಾಮ್ರ ಸ್ವಲ್ಪ ಮಾತ್ರ. ಆದರೆ ಹೂಜಿಯನ್ನು ಯಾರೂ ದಿನವಿಡೀ ಕೆಳಗೆ ಒತ್ತಿ ಎಳೆಯುವುದಿಲ್ಲ. ಅಚ್ಚಿಗೆ ಸುರಿದ ಸತು ಬಾಗುವುದಕ್ಕಿಂತ ಮೊದಲೇ ಮುರಿಯುವ ಲೋಹ. ಮಲಗುವ ಕೋಣೆಯ ಬಾಗಿಲಿಗೆ ಅದು ಸಾಕು. ಮಕ್ಕಳು ಜೋತು ಬೀಳುವ, ಗಾಳಿಗೆ ಹೊಡೆದುಕೊಳ್ಳುವ ಮುಂಬಾಗಿಲಿಗೆ ಸಾಲದು.

ಸೂಪರ್ ಮಾರ್ಕೆಟ್ ಕಡೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿದಾಗ ಹೆಚ್ಚಿನವರು ಪೂರ್ತಿ ಸೆಟ್ಟನ್ನೇ ಮುಂದಿಟ್ಟರು: ಹಿಡಿಕೆ, ಲಾಕಿನ ಪೆಟ್ಟಿಗೆ, ಕೀಲಿಯ ಸಿಲಿಂಡರ್ ಎಲ್ಲ ಒಟ್ಟಿಗೆ. ನಮ್ಮ ಕದದೊಳಗೆ ಹುದುಗಿರುವ ಲಾಕಿನ ಪೆಟ್ಟಿಗೆ ಚೆನ್ನಾಗಿಯೇ ಇತ್ತು. ಹಿಡಿ ಮುರಿದರೆ ಅದನ್ನು ಬದಲಿಸುವ ಅಗತ್ಯವೇ ಇಲ್ಲ. ಆದರೆ ಹಾಗೆ ಬರೀ ಹಿಡಿಕೆಯ ಜೋಡಿ ಕೊಳ್ಳಬೇಕಾದರೆ ಒಂದು ಅಳತೆ ಕೈಯಲ್ಲಿರಬೇಕು. ಹಿಡಿಯ ಚೌಕ ಸಲಾಕೆ, ಅಂದರೆ ಸ್ಪಿಂಡಲ್, ಹೋಗುವ ರಂಧ್ರದ ನಡುವಿನಿಂದ ಸಿಲಿಂಡರಿನ ದುಂಡು ಭಾಗದ ನಡುವಿನವರೆಗಿನ ಅಂತರ. ನಮ್ಮ ದೇಶದಲ್ಲಿ ಮಾರಾಟವಾಗುವ ಲಾಕುಗಳಲ್ಲಿ ಇದು ಸಾಮಾನ್ಯವಾಗಿ 85 ಮಿಲಿಮೀಟರ್. ಹೊರದೇಶದ ಮಾದರಿಗಳಲ್ಲಿ 72 ಅಥವಾ 92 ಇರುವುದುಂಟು. ಎರಡು ಮಿಲಿಮೀಟರ್ ವ್ಯತ್ಯಾಸವಾದರೂ ಕೀಲಿ ಬಿಗಿಯುತ್ತದೆ. ಸ್ಪಿಂಡಲ್ ಸಾಮಾನ್ಯವಾಗಿ 8 ಮಿಲಿಮೀಟರ್ ಚೌಕದ್ದು. ಇವೆರಡರ ಜೊತೆ ಕದದ ದಪ್ಪವನ್ನೂ, ಹಳೆಯ ಪಟ್ಟಿಯ ಉದ್ದವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹೊಸ ಪಟ್ಟಿ ಗಿಡ್ಡವಾಗಿದ್ದರೆ ಹಳೆಯದರ ಗುರುತು ಸಾಗುವಾನಿಯ ಮೇಲೆ ತೇಪೆಯಂತೆ ಉಳಿದುಬಿಡುತ್ತದೆ. ಎಲ್ಲಕ್ಕಿಂತ ಒಳ್ಳೆಯದೆಂದರೆ ಹಳೆಯ ಹಿಡಿಕೆಯನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗುವುದು. ಅಂಗಡಿಯ ಗಲ್ಲೆಯ ಮೇಲೆ ಎರಡನ್ನೂ ಒಂದರ ಮೇಲೊಂದು ಇಟ್ಟರೆ ವಾದಕ್ಕೆ ಜಾಗವೇ ಇರುವುದಿಲ್ಲ.

ಲೋಹದ ವಿಷಯ. 304 ಎಂದರೆ ಸುಮಾರು ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕಲ್ ಇರುವ ಉಕ್ಕು. ಅಗ್ಗದ 202 ದರ್ಜೆಯಲ್ಲಿ ನಿಕಲ್ ಕಡಿಮೆ, ಮ್ಯಾಂಗನೀಸ್ ಜಾಸ್ತಿ. ಎರಚಲು ಬೀಳುವ ಕಡೆ ಅದಕ್ಕೆ ತುಕ್ಕಿನ ಚುಕ್ಕೆ ಬೇಗ ಬರುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷಿಸಿ ಎಂದು ಹಲವರು ಹೇಳುತ್ತಾರೆ. ಆ ಪರೀಕ್ಷೆಯಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ 304, 202, ಸತು, ಹಿತ್ತಾಳೆ ಯಾವುದೂ ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಹಿಡಿಯ ಒಳಮೈಯಲ್ಲಿ ಅಥವಾ ಬಿಲ್ಲಿನಲ್ಲಿ ದರ್ಜೆ ನಮೂದಾಗಿದೆಯೇ ನೋಡಿ. ಬಿಲ್ಲಿನ ಮೇಲೆ ‘ಎಸ್ಎಸ್ 304’ ಎಂದು ಬರೆದುಕೊಡಲು ಹಿಂಜರಿದ ಅಂಗಡಿಯಲ್ಲಿ ನಾನು ಕೊಳ್ಳಲಿಲ್ಲ.

ಹಿತ್ತಾಳೆಯ ಹಿಡಿಕೆ ನೋಡಲು ಬಹಳ ಚೆಂದವಿತ್ತು, ಗಟ್ಟಿಯೂ ಹೌದು. ಅದನ್ನು ಬಿಟ್ಟದ್ದು ಬಿಸಿಲಿನ ಕಾರಣಕ್ಕೆ. ಮೇ ತಿಂಗಳಲ್ಲಿ 42–43 ಡಿಗ್ರಿ ಇಲ್ಲಿ ಮಾಮೂಲು, ಪಡುವಣ ಬಾಗಿಲಿನ ಲೋಹ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಹಿತ್ತಾಳೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಸುಮಾರು ಏಳು ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಹಾಗಾಗಿ ಎರಡೂ ಒಂದೇ ಸಮನೆ ಕಾದಿದ್ದರೂ ಮುಟ್ಟಿದ ಕ್ಷಣ ಹಿತ್ತಾಳೆಯೇ ಹೆಚ್ಚು ಚುರುಗುಟ್ಟುತ್ತದೆ. ನಮ್ಮ ಸ್ಟೀಲ್ ಹಿಡಿಯೂ ಮಧ್ಯಾಹ್ನ ಬಿಸಿಯಾಗುತ್ತದೆ, ಆದರೆ ಹಿಡಿದು ಬಾಗಿಲು ತೆಗೆಯುವಷ್ಟು ಹೊತ್ತು ಕೈ ತಾಳುತ್ತದೆ. ಈಗ ಎಲ್ಲೆಡೆ ಕಾಣುವ ಕಪ್ಪು ಬಣ್ಣದ ಹಿಡಿಕೆಗಳನ್ನು ಪಡುವಣ, ತೆಂಕಣ ಬಾಗಿಲುಗಳಿಗೆ ದಯವಿಟ್ಟು ಹಾಕಿಸಬೇಡಿ. ಕಪ್ಪು ಬಿಸಿಲನ್ನು ಹೀರುತ್ತದೆ, ಮೇಲಾಗಿ ಬೆರಳಾಡುವ ಜಾಗದಲ್ಲಿ ಲೇಪ ಸವೆದು ಕೆಳಗಿನ ಲೋಹ ಕಾಣಿಸಿಕೊಳ್ಳುತ್ತದೆ.

ಆಕಾರದ ಆಯ್ಕೆಯಲ್ಲಿ ಅತ್ತೆಯವರ ಮಾತೇ ಕೊನೆಯದಾಯಿತು. ಅವರಿಗೆ ಬೆರಳಿನ ಗಂಟುಗಳ ನೋವು. ದುಂಡನೆಯ ಗುಬ್ಬಿಯನ್ನು ಹಿಡಿದು ತಿರುಗಿಸಲು ಆಗುವುದಿಲ್ಲ. ಕೆಳಗೆ ಒತ್ತುವ ಹಿಡಿಯಾದರೆ ಮುಷ್ಟಿಯಿಂದಲೂ ಒತ್ತಬಹುದು, ಕೈತುಂಬ ಸಾಮಾನಿದ್ದರೆ ಮೊಣಕೈಯಿಂದಲೂ ಆಗುತ್ತದೆ. ತುದಿ ಕದದ ಕಡೆಗೆ ಮರಳಿ ಬಾಗಿರುವ ಮಾದರಿಯನ್ನೇ ಆರಿಸಿದೆವು. ನೇರ ತುದಿಯ ಹಿಡಿಗೆ ಸೆರಗು, ಚೀಲದ ಹಿಡಿ, ಮಕ್ಕಳ ಅಂಗಿಯ ತೋಳು ಸಿಕ್ಕಿಕೊಳ್ಳುತ್ತವೆ. ಮನೆಯಲ್ಲಿ ಹಿರಿಯರಿದ್ದರೆ ಬೆಲೆ, ಬಣ್ಣ ಎಲ್ಲವನ್ನೂ ಬದಿಗಿಟ್ಟು ಮೊದಲು ಅವರ ಕೈಗೆ ಹಿಡಿಕೆಯನ್ನು ಕೊಟ್ಟು ಒತ್ತಿ ನೋಡಲು ಹೇಳಿ. ಸ್ಪ್ರಿಂಗ್ ಎಷ್ಟು ಬಿಗಿಯಿರಬೇಕು ಎಂಬುದಕ್ಕೆ ಅವರ ಕೈಗಿಂತ ಒಳ್ಳೆಯ ತಕ್ಕಡಿಯಿಲ್ಲ.

ಹಾಕಿದ್ದು ನಮ್ಮ ಓಣಿಯ ಹಿರಿಯ ಬಡಿಗೇರರು. ಅವರು ಬಂದವರೇ ಬಾಗಿಲನ್ನು ತೆರೆದಿಟ್ಟು ಕೆಳಗೆ ಮರದ ತುಂಡು ಸಿಕ್ಕಿಸಿದರು. “ಅಕ್ಕಾವರೆ, ಹಿಡಿ ಬಿಚ್ಚಿದ ಮೇಲೆ ಗಾಳಿಗೆ ಬಾಗಿಲು ಹಾಕಿಕೊಂಡರೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ” ಎಂದರು. ಲಾಕಿನ ನಾಲಿಗೆ ಚೌಕಟ್ಟಿನೊಳಗೆ ಕೂತುಬಿಟ್ಟರೆ ಅದನ್ನು ಹಿಂದಕ್ಕೆ ಎಳೆಯಲು ಹಿಡಿಯೇ ಇರುವುದಿಲ್ಲವಲ್ಲ. ಹಾಗೇನಾದರೂ ಆದರೆ ಗಾಬರಿ ಬೇಡ, ದಪ್ಪ ಸ್ಕ್ರೂಡ್ರೈವರನ್ನು ಆ ಚೌಕ ರಂಧ್ರಕ್ಕೆ ತೂರಿಸಿ ತಿರುಗಿಸಿದರೆ ನಾಲಿಗೆ ಸರಿಯುತ್ತದೆ.

ನಮ್ಮ ಕದ ಸಾಗುವಾನಿಯದು, ಈಗಿನ ಫ್ಲಷ್ ಬಾಗಿಲುಗಳಿಗಿಂತ ದಪ್ಪ. ಡಬ್ಬಿಯಲ್ಲಿ ಬಂದ ಸ್ಪಿಂಡಲ್ ಎರಡೂ ಹಿಡಿಗಳೊಳಗೆ ತುಸುವೇ ಹೋಗುತ್ತಿತ್ತು. ಬಡಿಗೇರರು ಅದನ್ನು ಒಪ್ಪಲಿಲ್ಲ, ಉದ್ದದ್ದು ತರಿಸಿದರು. ಸಲಾಕೆ ಹಿಡಿಯೊಳಗೆ ಆಳವಾಗಿ ಕೂರದಿದ್ದರೆ ಚೌಕ ರಂಧ್ರದ ಮೂಲೆಗಳು ಸವೆದು ದುಂಡಾಗುತ್ತವೆ, ಆಮೇಲೆ ಹಿಡಿ ತಿರುಗಿದರೂ ನಾಲಿಗೆ ಅಲುಗುವುದಿಲ್ಲ. ಹಳೆಯ ಸ್ಕ್ರೂ ರಂಧ್ರಗಳಿಗೆ ಸಾಗುವಾನಿಯ ಕಡ್ಡಿಗಳನ್ನು ಫೆವಿಕಾಲ್ ಹಚ್ಚಿ ಬಡಿದು, ಒಣಗಿದ ಮೇಲೆ ಹೊಸ ರಂಧ್ರ ಕೊರೆದರು. ಇನ್ನೊಂದು ಮುಖ್ಯ ಸಂಗತಿ: ಈ ಹಿಡಿಕೆಗೆ ಕದದ ಈ ಬದಿಯಿಂದ ಆ ಬದಿಗೆ ಹಾಯುವ ಬೋಲ್ಟುಗಳಿವೆ. ಎರಡು ಪಟ್ಟಿಗಳು ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ, ಮರದ ಹಿಡಿತವನ್ನು ನಂಬಬೇಕಾಗಿಲ್ಲ. ಬರೀ ಮರದ ಸ್ಕ್ರೂ ಇದ್ದ ಹಳೆಯದನ್ನು ವರ್ಷಕ್ಕೆ ಹಲವು ಸಲ ಬಿಗಿಯಬೇಕಾಗುತ್ತಿತ್ತು. ಸಿಲಿಂಡರಿನ ತುದಿ ಹೊರಗಿನ ಪಟ್ಟಿಯಿಂದ 3 ಮಿಲಿಮೀಟರಿಗಿಂತ ಹೆಚ್ಚು ಚಾಚಿರಬಾರದು. ಚಾಚಿದ್ದರೆ ಕಳ್ಳನ ಇಕ್ಕಳಕ್ಕೆ ಹಿಡಿತ ಸಿಗುತ್ತದೆ.

ಈಗ ನಮ್ಮ ಊರಿನವರು ಕಿವಿಗೊಟ್ಟು ಕೇಳಬೇಕಾದ ಮಾತು. ಇಲ್ಲಿ ಬಹಳಷ್ಟು ಮನೆಗಳು ನಿಂತಿರುವುದು ಎರೆಮಣ್ಣಿನ ಮೇಲೆ. ಮಳೆ ಬಿದ್ದಾಗ ಎರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಪಾಯ ಆಳವಿಲ್ಲದ ಹಳೆಯ ಮನೆಗಳಲ್ಲಿ ಈ ಉಬ್ಬು–ತಗ್ಗು ಚೌಕಟ್ಟಿನವರೆಗೂ ಬರುತ್ತದೆ. ಅದರ ಜೊತೆಗೆ ಮರವೂ ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಪರಿಣಾಮವಾಗಿ ಲಾಕಿನ ನಾಲಿಗೆಯೂ ಚೌಕಟ್ಟಿನ ಪಟ್ಟಿಯಲ್ಲಿರುವ ಕಿಂಡಿಯೂ ವರ್ಷದ ಕೆಲವು ತಿಂಗಳು ಒಂದಕ್ಕೊಂದು ಎದುರಾಗುವುದಿಲ್ಲ. ಆಗ ನಾವು ಮಾಡುವುದೇನು? ಹಿಡಿಯನ್ನು ಹಿಡಿದು ಇಡೀ ಕದವನ್ನು ಮೇಲಕ್ಕೆತ್ತಿ ದೂಡುತ್ತೇವೆ. ಕೆಳಗೆ ಒತ್ತಲೆಂದು ಮಾಡಿದ ವಸ್ತುವಿನ ಮೇಲೆ ಕದದ ಭಾರವನ್ನೆಲ್ಲ ಹೊರಿಸುತ್ತೇವೆ. ಹಿಡಿಕೆಗಳ ಕತ್ತು ಮುರಿಯುವುದೂ, ಸ್ಪ್ರಿಂಗ್ ಸೋಲುವುದೂ ಹೆಚ್ಚಾಗಿ ಇದರಿಂದಲೇ. ಎಷ್ಟು ಒಳ್ಳೆಯ ಹಿಡಿಕೆ ಹಾಕಿಸಿದರೂ ಇದನ್ನು ಸರಿಪಡಿಸದಿದ್ದರೆ ಹಣ ವ್ಯರ್ಥ.

ಬಡಿಗೇರರು ಮೊದಲು ಮೇಲಿನ ಬಿಜಾಗರಿಯ ಸ್ಕ್ರೂಗಳನ್ನು ತೆಗೆದು ಉದ್ದನೆಯವನ್ನು ಹಾಕಿದರು. ಕದ ಜೋತು ಬಿದ್ದಿದ್ದದ್ದು ಅಷ್ಟಕ್ಕೇ ಅರ್ಧ ಸರಿಹೋಯಿತು. ಆಮೇಲೆ ನಾಲಿಗೆಯ ತುದಿಗೆ ಸೀಮೆಸುಣ್ಣ ಹಚ್ಚಿ ಬಾಗಿಲು ಹಾಕಿ ತೆಗೆದರು. ಚೌಕಟ್ಟಿನ ಪಟ್ಟಿಯ ಮೇಲೆ ಬಿಳಿ ಗುರುತು ಕಿಂಡಿಯ ಕೆಳಗಿನ ಅಂಚಿಗೆ ಬಿದ್ದಿತ್ತು. ಆ ಅಂಚನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಇಳಿಸಿದರು, ಹಿಂದಿನ ಮರವನ್ನು ಉಳಿಯಿಂದ ತುಸು ಕೆತ್ತಿದರು. ಈ ಕೆಲಸವನ್ನು ಮಳೆಗಾಲದಲ್ಲಿ, ಕದ ಪೂರ್ತಿ ಹಿಗ್ಗಿರುವಾಗ ಇನ್ನೊಮ್ಮೆ ನೋಡಬೇಕು ಎಂದು ಹೇಳಿ ಹೋದವರು ಹೇಳಿದಂತೆಯೇ ಬಂದು ನೋಡಿದರು. ಇಂಥ ಕೆಲಸಗಾರರು ಸಿಕ್ಕರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಈ ಹಿಡಿಕೆ ಇಷ್ಟು ದಿನ ಬಾಳಿದ್ದರಲ್ಲಿ ಅರ್ಧ ಪಾಲು ಅವರ ಅರದ್ದು.

ಡಬ್ಬಿಯ ಮೇಲೆ ಎರಡು ಲಕ್ಷ ಸಲದ ಪರೀಕ್ಷೆ ದಾಟಿದೆ ಎಂದು ಬರೆದಿದೆ. ಈ ಲೆಕ್ಕ ಐರೋಪ್ಯ ಮಾನಕವಾದ ಇಎನ್ 1906ರಿಂದ ಬಂದದ್ದು. ಅದರಲ್ಲಿ ಬಾಳಿಕೆಯ ಒಂದು ದರ್ಜೆಗೆ ಒಂದು ಲಕ್ಷ ಸಲ, ಅದರ ಮೇಲಿನದಕ್ಕೆ ಎರಡು ಲಕ್ಷ ಸಲ ಹಿಡಿಯನ್ನು ಒತ್ತಿ ಬಿಟ್ಟು ನೋಡುತ್ತಾರೆ. ದಿನಕ್ಕೆ 40 ಸಲ ತೆರೆಯುವ ಮುಂಬಾಗಿಲಿಗೆ ಒಂದು ಲಕ್ಷವೆಂದರೆ ಏಳು ವರ್ಷದ ಹತ್ತಿರ. ಅಂಗಡಿಯಲ್ಲಿ ಇದೊಂದನ್ನೇ ನಂಬಬೇಡಿ: ಹಿಡಿಯ ಬುಡದಲ್ಲೇ ಅದರದ್ದೇ ಸ್ಪ್ರಿಂಗ್ ಇದೆಯೇ ಎಂದು ನೋಡಿ. ಅಗ್ಗದವುಗಳಲ್ಲಿ ಹಿಡಿಯನ್ನು ಮೇಲಕ್ಕೆ ತರುವ ಕೆಲಸವೆಲ್ಲ ಲಾಕಿನ ಪೆಟ್ಟಿಗೆಯೊಳಗಿನ ಸಣ್ಣ ಸ್ಪ್ರಿಂಗಿನ ಪಾಲಿಗೆ ಬೀಳುತ್ತದೆ. ಲೋಹದ ಹಿಡಿಯ ಭಾರ ಅದಕ್ಕೆ ಹೆಚ್ಚಾಗಿ, ಕೆಲಕಾಲದಲ್ಲೇ ಹಿಡಿ ಜೋತು ಬೀಳುತ್ತದೆ. ಕೈಯಲ್ಲೇ ಒತ್ತಿ ಬಿಟ್ಟರೆ ಹಿಡಿ ತಾನಾಗಿ ಹಿಂದಕ್ಕೆ ಚಿಮ್ಮಬೇಕು.

ಆರೈಕೆ ಹೆಚ್ಚೇನೂ ಇಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಬಿಳಿ ಕಲೆ ಕೂರುತ್ತದೆ. ಕಲೆ ಕೂತರೆ ನಿಂಬೆರಸ ಸಾಕು. ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಹತ್ತಿರ ತರಬಾರದು, ಅದರಲ್ಲಿರುವ ಕ್ಲೋರೈಡ್ 304ರ ಮೈಯಲ್ಲೂ ಸಣ್ಣ ಗುಳಿ ತೋಡುತ್ತದೆ. ಕೀಲಿಯ ರಂಧ್ರಕ್ಕೆ ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಬಿಡುವ ರೂಢಿಯಿದೆ. ನಮ್ಮ ಧೂಳಿಗೆ ಎಣ್ಣೆ ಸೇರಿದರೆ ಒಳಗೆ ಕೆಸರಾಗುತ್ತದೆ. ಪೆನ್ಸಿಲಿನ ಸೀಸವಾದ ಗ್ರಾಫೈಟಿನ ಪುಡಿ ಹಾಕಿದರೆ ಕೀಲಿ ಹಗುರವಾಗಿ ತಿರುಗುತ್ತದೆ.

ಕೊರತೆಗಳೂ ಇವೆ. ಹಿಡಿಯ ಕೆಳಗಿನ ಸಣ್ಣ ಅಲೆನ್ ಸ್ಕ್ರೂ ಬೇಸಿಗೆ ಮುಗಿಯುವ ಹೊತ್ತಿಗೆ ಸಡಿಲವಾಗುತ್ತದೆ. ಡಬ್ಬಿಯಲ್ಲಿ ಬರುವ ಕೀಲಿಕೋಲಿನಿಂದ ಬಿಗಿದರೆ ಮತ್ತೆ ಸರಿ. ಆ ಕೋಲನ್ನು ಕಳೆಯದಂತೆ ಇಟ್ಟುಕೊಳ್ಳಿ. ಕೀಲಿಗೊಂಚಲು ತಗಲುವ ಕಡೆ ಪಟ್ಟಿಯ ಮೇಲೆ ಗೀರುಗಳಾಗಿವೆ, ಉಜ್ಜಿದ ಮಂದ ಮೇಲ್ಮೈಯಾದ್ದರಿಂದ ಹತ್ತಿರ ಹೋದರಷ್ಟೇ ಕಾಣುತ್ತವೆ. ದಪ್ಪ ಕದಗಳಿಗೆ ಬೇಕಾದ ಉದ್ದನೆಯ ಸ್ಪಿಂಡಲನ್ನು ಡಬ್ಬಿಯಲ್ಲೇ ಕೊಡದಿರುವುದು ನನಗೆ ನಿಜವಾಗಿಯೂ ಬೇಸರ ತಂದ ಸಂಗತಿ. ಹಳೆಯ ಮನೆಗಳು ಇಷ್ಟಿರುವ ಊರುಗಳಿಗೆ ಸಾಮಾನು ಕಳಿಸುವವರು ಇಷ್ಟು ಯೋಚಿಸಬೇಕು.

ಜೋಡಿಗೆ ನಾನು ಕೊಟ್ಟದ್ದು 1,900 ರೂಪಾಯಿ, ಕೂಲಿ ಬೇರೆ. ಸತುವಿನದ್ದು ಅದರ ಅರ್ಧಕ್ಕೆ ಸಿಗುತ್ತಿತ್ತು. ಹಿತ್ತಲ ಬಾಗಿಲಿಗೂ ಈಗ ಇದೇ ಮಾದರಿಯನ್ನು ತರಿಸಿದ್ದೇವೆ. ಅದು ತೆಳುವಾದ ಕದ, ಅಲ್ಲಿ ಸ್ಪಿಂಡಲ್ ಉದ್ದವಾಯಿತು. ಗರಗಸದಿಂದ ಕತ್ತರಿಸಿ, ತುದಿಯನ್ನು ಅರದಿಂದ ನಯಗೊಳಿಸಿ ಕೂರಿಸಿದ್ದಾರೆ. ಒಳಕೋಣೆಗಳ ಸತುವಿನ ಹಿಡಿಕೆಗಳು ಹಾಗೆಯೇ ಇವೆ, ಅವುಗಳನ್ನು ಬದಲಿಸುವ ಅವಸರವಿಲ್ಲ.