ಸ್ವಿಸ್ ಚಾಕು ರಿಪೇರಿ: ವಿನೆಗರಾ, ಹುಣಸೆಹಣ್ಣಾ, ಸೀಮೆಎಣ್ಣೆಯಾ?

ವಿಕ್ಟೋರಿನಾಕ್ಸ್‌ನ ಕೆಂಪು ಹಿಡಿಯ ಚಾಕು ಗೊತ್ತಲ್ವಾ? ಮಡಚಿದರೆ 91 ಮಿಲಿಮೀಟರ್ ಉದ್ದ. ಎರಡು ಅಲಗು, ಡಬ್ಬಿ ಓಪನರ್, ಬಾಟಲ್ ಓಪನರ್, ಕತ್ತರಿ, ಬೆನ್ನ ಕಡೆ ತೂತು ಕೊರೆಯುವ ಮೊನೆ. ಕರಾವಳಿಯ ಮಳೆಗಾಲವನ್ನು ಸ್ಕೂಟರ್ ಡಿಕ್ಕಿಯಲ್ಲಿ ಕಳೆದ ನನ್ನ ಚಾಕುವಿಗೆ ಒಂದಲ್ಲ, ನಾಲ್ಕು ತೊಂದರೆ ಬಂದಿದ್ದವು. ಕೀಲುಗಳು ಬಿಗಿದುಕೊಂಡಿದ್ದವು. ಅಲಗಿನ ಬುಡದಲ್ಲಿ ತುಕ್ಕಿನ ಚುಕ್ಕೆಗಳು. ಒಂದು ಬದಿಯ ಪ್ಲಾಸ್ಟಿಕ್ ಪಟ್ಟಿ ಬಿರುಕು ಬಿಟ್ಟು ಸಡಿಲವಾಗಿತ್ತು. ದೊಡ್ಡ ಅಲಗಿನ ಮೊನೆ ಮುರಿದಿತ್ತು. ಒಂದೊಂದಕ್ಕೂ ಎರಡು ಮೂರು ದಾರಿ ಹೇಳುವವರಿದ್ದಾರೆ. ಅವನ್ನು ಈ ಚಾಕುವಿನ ಮೇಲೆ, ಮನೆಯಲ್ಲಿದ್ದ ಹಳೇ ಮಡಚು ಚಾಕುಗಳ ಮೇಲೂ ಮಾಡಿ ನೋಡಿದೆ.

ಈ ಚಾಕುವನ್ನು ಬಿಡಿಬಿಡಿಯಾಗಿ ಬಿಚ್ಚಲು ಆಗುವುದಿಲ್ಲ. ಪದರದ ಮೇಲೆ ಪದರ ಜೋಡಿಸಿ ಹಿತ್ತಾಳೆ ಪಿನ್ ಹಾಕಿ ರಿವೆಟ್ ಹೊಡೆದಿರುತ್ತಾರೆ. ನಡುವಿನ ತಗಡು ಅಲ್ಯೂಮಿನಿಯಂ. ಬೆನ್ನ ಕಡೆಯ ಸ್ಪ್ರಿಂಗ್ ಪಟ್ಟಿಯೇ ಎರಡೂ ತುದಿಯ ಸಾಮಾನುಗಳನ್ನು ಒತ್ತಿ ಹಿಡಿಯುತ್ತದೆ, ಬೆನ್ನ ಮೇಲಿನವನ್ನೂ ಅದೇ ಹಿಡಿಯುತ್ತದೆ. 1897ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಊರಿನ ಕಾರ್ಲ್ ಎಲ್ಸೆನರ್ (ವಿಕ್ಟೋರಿನಾಕ್ಸ್ ಕಂಪನಿ ಕಟ್ಟಿದವರು) ಈ ಚಾಕುವಿನ ಮೂಲವಾದ ಆಫೀಸರ್ ಚಾಕುವನ್ನು ನೋಂದಾಯಿಸಿದಾಗ ಅದರ ದೊಡ್ಡ ಹೆಚ್ಚುಗಾರಿಕೆ ಈ ಸ್ಪ್ರಿಂಗೇ ಆಗಿತ್ತು. ಅದರಿಂದ ಚಾಕು ತೆಳ್ಳಗೆ, ಹಗುರವಾಗಿ ಉಳಿಯಿತು. ರಿಪೇರಿಗೆ ಕೂತವರಿಗೆ ಮಾತ್ರ ಇದು ಇಕ್ಕಟ್ಟಿನ ಜಾಗ. ಒಳಗೆ ಏನು ಹೋದರೂ ಬಿಚ್ಚಿ ಒರೆಸೋಕೆ ಆಗಲ್ಲ. ಹಾಗಾಗಿ ಪ್ರತಿಯೊಂದು ದಾರಿಗೂ ನಾನು ಹಾಕಿದ ಪ್ರಶ್ನೆ ಒಂದೇ: ಕೆಲಸ ಮುಗಿದ ಮೇಲೆ ಇದು ಪೂರ್ತಿ ಆಚೆ ಬರುತ್ತದಾ?

ಬಿಗಿದ ಕೀಲು

ಸೀಮೆಎಣ್ಣೆ ಹಳೇ ದಾರಿ. ಸೈಕಲ್ ಶಾಪ್‌ನಲ್ಲಿ ಬೇರಿಂಗ್ ತೊಳೆಯುವುದು ಇದರಲ್ಲೇ. ಗಟ್ಟಿಯಾದ ಹಳೇ ಜಿಡ್ಡನ್ನು ಇದು ಬೇಗ ಕರಗಿಸುತ್ತದೆ. ಆದರೆ ವಾಸನೆ ಹೋಗುವುದಿಲ್ಲ. ಮಾವಿನಕಾಯಿ ಹೆಚ್ಚುವ ಚಾಕುವಿಗೆ ಇದು ಬೇಡ.

ಡಬ್ಲ್ಯೂಡಿ-40 ಸ್ಪ್ರೇ ಹುಟ್ಟಿದ್ದೇ ಲೋಹದ ಮೇಲಿನ ನೀರನ್ನು ತಳ್ಳಲು. ಮಳೆಯಲ್ಲಿ ನೆನೆದು ಬಂದ ಚಾಕುವಿಗೆ ತಕ್ಷಣ ಹೊಡೆಯಲು ಒಳ್ಳೆಯದು. ಆದರೆ ಅದರ ಬಹುಪಾಲು ಆವಿಯಾಗಿ ಹೋಗಿ ತೆಳ್ಳನೆ ಪದರವಷ್ಟೇ ಉಳಿಯುತ್ತದೆ. ಒಳಗಿನ ಕಸ ಇದ್ದಲ್ಲೇ ಇರುತ್ತದೆ, ಕೀಲು ಸ್ವಲ್ಪ ದಿನಕ್ಕೆ ಮತ್ತೆ ಬಿಗಿಯುತ್ತದೆ.

ನನಗೆ ಗೆದ್ದದ್ದು ಬಿಸಿನೀರು ಮತ್ತು ಪಾತ್ರೆ ತೊಳೆಯುವ ಲಿಕ್ವಿಡ್. ಮೊದಲು ಅಲಗಿನ ಬಾಯಿಗೆ ಇನ್ಸುಲೇಶನ್ ಟೇಪ್ ಸುತ್ತಿಕೊಳ್ಳಿ, ಬಿಗಿದ ಚಾಕು ಜಾರಿದರೆ ಕೈ ಸೀಳುತ್ತದೆ. ಕೈ ತಡೆಯುವಷ್ಟು ಬಿಸಿಯಿರುವ ನೀರಿನಲ್ಲಿ ಚಾಕುವನ್ನು ಪೂರ್ತಿ ಮುಳುಗಿಸಿ, ನೀರಿನೊಳಗೇ ತೆರೆದು ಮುಚ್ಚಬೇಕು. ಅಲಗು ಏಳದಿದ್ದರೆ ಉಗುರಿನ ಬದಲು ನಾಣ್ಯದ ಅಂಚು ಬಳಸಿ. ಸ್ವಲ್ಪ ಹೊತ್ತಿಗೆ ಕೀಲಿನ ಸಂದಿಯಿಂದ ಕಪ್ಪು ಎಳೆಯೊಂದು ನೀರಿಗೆ ಇಳಿಯುತ್ತದೆ. ಸವೆದ ಲೋಹದ ಪುಡಿ, ಹಳೇ ಎಣ್ಣೆ, ಜೇಬಿನ ನೂಲು ಎಲ್ಲಾ ಸೇರಿದ ರಾಡಿ ಅದು. ಅದು ನಿಲ್ಲುವವರೆಗೂ ನೀರು ಬದಲಿಸುತ್ತಾ ಇರಿ. ಹಳೇ ಟೂತ್‌ಬ್ರಷ್ ಮತ್ತು ಪಿನ್ ಸಹಾಯಕ್ಕಿರಲಿ. ಆಮೇಲೆ ಎಲ್ಲವನ್ನೂ ಬಿಡಿಸಿ ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ. ಈ ದಾರಿಗೆ ಜಾಸ್ತಿ ಹೊತ್ತು ಬೇಕು ನಿಜ. ಆದರೆ ಮೂರರಲ್ಲಿ ಕಸವನ್ನೂ ಆಚೆ ತಂದು, ತಾನೂ ಆಚೆ ಬಂದದ್ದು ಇದೊಂದೇ.

ತುಕ್ಕು

ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯಲ್ಲ ಅನ್ನುವುದು ಅರ್ಧ ನಿಜ. ಉಕ್ಕಿನಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ಒಂದು ತೆಳ್ಳನೆ ಪದರ ಕಟ್ಟುತ್ತದೆ, ಕಾಪಾಡುವುದು ಅದೇ. ಉಪ್ಪು ಆ ಪದರವನ್ನು ಒಡೆಯುತ್ತದೆ. ಬೆವರಿನಲ್ಲಿ ಉಪ್ಪಿದೆ, ಕಡಲ ಗಾಳಿಯಲ್ಲೂ ಇದೆ. ಹಾಗಾಗಿ ತುಕ್ಕು ಹರಡಿಕೊಳ್ಳದೆ ಸೂಜಿ ಚುಚ್ಚಿದಂಥ ಗುಳಿಗಳಾಗಿ ಕೂರುತ್ತದೆ.

ಹುಣಸೆಹಣ್ಣು ನಮ್ಮ ಅಡುಗೆಮನೆಯ ಮೊದಲ ಉತ್ತರ. ಹಿತ್ತಾಳೆ ತಂಬಿಗೆಯನ್ನು ಹೊಳೆಯಿಸುವ ಹುಳಿ ತುಕ್ಕನ್ನೂ ಬಿಡಿಸುತ್ತದೆ, ಅದರಲ್ಲಿ ಸಂಶಯವಿಲ್ಲ. ತೊಂದರೆ ಇರುವುದು ತಿರುಳಿನಲ್ಲಿ. ನಾರು ಮತ್ತು ತಿರುಳು ಸಂದಿಗೆ ಹೊಕ್ಕು ಒಣಗಿದರೆ ತೆಗೆಯುವುದು ಬಹಳ ಕಷ್ಟ, ಹುಳಿಯೂ ಅಲ್ಲೇ ಉಳಿಯುತ್ತದೆ. ಬಿಡಿ ಅಲಗಿಗೆ ಸರಿ, ಇಂಥ ಚಾಕುವಿಗೆ ಬೇಡ.

ವಿನೆಗರ್ ತಿಳಿಯಾದ ದ್ರವ, ತೊಳೆದರೆ ಹೋಗುತ್ತದೆ. ತುಕ್ಕಿನ ಮೇಲೆ ಅದರ ಕೆಲಸವೂ ಚೆನ್ನಾಗಿದೆ. ಆದರೆ ಇಡೀ ಚಾಕುವನ್ನು ಅದರಲ್ಲಿ ನೆನೆಹಾಕಬೇಡಿ, ಅಲ್ಯೂಮಿನಿಯಂ ತಗಡು ಮಂಕಾಗುತ್ತದೆ. ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯನ್ನು ಅದ್ದಿ ಚುಕ್ಕೆಯ ಮೇಲೆ ಮಾತ್ರ ಇಡಿ. ಮುಗಿದ ಮೇಲೆ ಅಡುಗೆ ಸೋಡಾ ಕಲಸಿದ ನೀರನ್ನು ಕೀಲಿಗೆ ಬಿಡಿ. ಒಳಗೆ ಹುಳಿ ಉಳಿದಿದ್ದರೆ ಸಂದಿಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತ ಮೇಲೆ ಬರೀ ನೀರಿನಲ್ಲಿ ತೊಳೆಯಿರಿ.

ಮೂರನೆಯದು ಹುಳಿಯೇ ಇಲ್ಲದ ದಾರಿ. ಒಂದು ಹನಿ ಎಣ್ಣೆ, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್‌ನ ಸಣ್ಣ ತುಂಡು, ಅಲಗಿನ ಉದ್ದಕ್ಕೆ ತಿಕ್ಕುವುದು. ಸಣ್ಣ ಗೆರೆಗಳು ಬೀಳುತ್ತವೆ, ಕನ್ನಡಿಯಂಥ ಹೊಳಪು ಹೋಗುತ್ತದೆ. ಅಷ್ಟಾದರೂ ನನ್ನ ಆಯ್ಕೆ ಇದೇ. ಮೇಲಿನ ತುಕ್ಕೆಲ್ಲ ಇದರಿಂದಲೇ ಹೋಯಿತು, ವಿನೆಗರ್ ಬೇಕಾದದ್ದು ಆಳದ ಗುಳಿಗಳಿಗೆ ಮಾತ್ರ. ಸ್ಟೀಲ್ ವುಲ್ ಮಾತ್ರ ಬಳಸಬೇಡಿ. ಅದರಿಂದ ಉದುರುವ ಕಬ್ಬಿಣದ ಚೂರುಗಳು ಅಲಗಿನ ಮೇಲೆ ಕೂತು ತಾವೇ ತುಕ್ಕು ಹಿಡಿಯುತ್ತವೆ.

ಎಣ್ಣೆ

ಇದು ಬೇಗ ಮುಗಿಯುವ ವಿಷಯ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ತೆಳು, ಅಂಟಾಗುವುದಿಲ್ಲ, ಕೀಲಿಗೆ ಹೇಳಿ ಮಾಡಿಸಿದ ಹಾಗಿದೆ. ಹಣ್ಣು ಹೆಚ್ಚುವ ಚಾಕುವಾದರೆ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತನ್ನಿ. ಅದೂ ಖನಿಜ ತೈಲವೇ, ಆದರೆ ಔಷಧಿಗೆ ತಕ್ಕಂತೆ ಶುದ್ಧ ಮಾಡಿದ್ದು. ನಾನು ಈಗ ಇದನ್ನೇ ಬಳಸುವುದು. ಟೂತ್‌ಪಿಕ್ ತುದಿಯಿಂದ ಕೀಲಿಗೆ ಒಂದು ಹನಿ ಸಾಕು, ಹೆಚ್ಚಾದರೆ ಧೂಳನ್ನು ಕರೆಯುತ್ತದೆ.

ಬಿರುಕು ಬಿಟ್ಟ ಪಟ್ಟಿ

ಕೆಂಪು ಪಟ್ಟಿಯನ್ನು ಕಾರ್ಖಾನೆಯಲ್ಲಿ ಅಂಟು ಹಾಕಿ ಕೂರಿಸಿರುವುದಿಲ್ಲ. ತಗಡಿನ ಮೇಲೆ ಎದ್ದಿರುವ ಹಿತ್ತಾಳೆ ತಲೆಗಳಿಗೆ ಪಟ್ಟಿಯ ಒಳಗಿನ ಗುಳಿಗಳು ಒತ್ತಿ ಕೂರುತ್ತವೆ, ಅಷ್ಟೇ. ಸುಮ್ನೆ ಸಡಿಲವಾಗಿದ್ದರೆ ಗುಳಿಯ ಕಸ ತೆಗೆದು, ಬಟ್ಟೆ ಸುತ್ತಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಬಿರುಕು ಬಿಟ್ಟಿದ್ದರೆ ಹಿಡಿತ ಸಿಗಲ್ಲ. ಆಗ ಅಂಟಿನ ಮಾತು ಬರುತ್ತದೆ.

ಒಂದೇ ಹನಿಯಲ್ಲಿ ಹಿಡಿಯುವ ಇನ್‌ಸ್ಟಂಟ್ ಗ್ಲೂ ಎಲ್ಲರ ಮನೆಯಲ್ಲೂ ಇರುತ್ತದೆ. ಇಲ್ಲಿ ಅದು ಅಪಾಯ. ನೀರಿನಷ್ಟು ತೆಳುವಾದ್ದರಿಂದ ಸಂದಿ ಹಿಡಿದು ಕೀಲಿನವರೆಗೂ ಹರಿಯುತ್ತದೆ. ಒಮ್ಮೆ ಕೀಲಿಗೆ ಇಳಿದರೆ ತೆಗೆಯಲು ಅಸಿಟೋನ್ ಬೇಕು, ಅಸಿಟೋನ್ ತಾಗಿದರೆ ಈ ಪ್ಲಾಸ್ಟಿಕ್ಕೇ ಕರಗುತ್ತದೆ. ಸಾಲದ್ದಕ್ಕೆ ಈ ಅಂಟು ಪೆಡಸು. ಚಾಕು ಕೆಳಗೆ ಬಿದ್ದರೆ ಮತ್ತೆ ಬಿಡುತ್ತದೆ.

ಅರಾಲ್ಡೈಟ್‌ನಂಥ ಎರಡು ಟ್ಯೂಬಿನ ಅಂಟು ಮಂದ, ಹಾಕಿದಲ್ಲೇ ನಿಲ್ಲುತ್ತದೆ. ಮೊದಲು ಸರ್ಜಿಕಲ್ ಸ್ಪಿರಿಟ್‌ನಲ್ಲಿ ತಗಡಿನ ಎಣ್ಣೆ ಒರೆಸಿ. ಅಂಟನ್ನು ಹಿತ್ತಾಳೆ ತಲೆಗಳ ಸುತ್ತ ಮಾತ್ರ ಕಡ್ಡಿಯಿಂದ ಹಚ್ಚಿ. ಚಿಮಟ ಮತ್ತು ಟೂತ್‌ಪಿಕ್ ಕೂರುವ ತೋಡಿನಿಂದ ದೂರ ಇರಲಿ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಬಿಡಿ. ಹಿಡಿತ ಗಟ್ಟಿ. ಆದರೂ ಅದೇ ಅಳತೆಯ ಹೊಸ ಪಟ್ಟಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಅಂಟೇ ಬೇಕಿಲ್ಲ, ಒತ್ತಿದರೆ ಮುಗಿಯಿತು. ಕೊಳ್ಳುವಾಗ ಉದ್ದದ ಜೊತೆಗೆ ಪೆನ್ನಿನ ತೋಡು ಇದೆಯಾ ಇಲ್ಲವಾ ಅನ್ನುವುದನ್ನೂ ನೋಡಿ.

ಮುರಿದ ಮೊನೆ

ಸಾಣೆಯವರ ಕರೆಂಟ್ ಚಕ್ರದಲ್ಲಿ ನಿಮಿಷದ ಕೆಲಸ. ಆದರೆ ಅಲಗು ತೆಳು, ಚಕ್ರಕ್ಕೆ ಒತ್ತಿದರೆ ತುದಿ ನೀಲಿಗಟ್ಟುವಷ್ಟು ಕಾಯುತ್ತದೆ. ನೀಲಿಯಾದ ಉಕ್ಕು ಮೆತ್ತಗಾಗುತ್ತದೆ, ಹರಿತ ನಿಲ್ಲುವುದಿಲ್ಲ. ಕಿಡಿಯ ಜೊತೆ ಹಾರುವ ಪುಡಿಯೂ ಕೀಲಿಗೆ ಸೇರುತ್ತದೆ. ನಾನು ಆರಿಸಿಕೊಂಡದ್ದು ಒಂದು ಬದಿ ಒರಟು, ಇನ್ನೊಂದು ಬದಿ ನಯ ಇರುವ ಕಾರ್ಬೊರಂಡಮ್ ಸಾಣೆಕಲ್ಲು ಮತ್ತು ನೀರು.

ಇಲ್ಲಿ ಎಲ್ಲಿಂದ ಉಜ್ಜುತ್ತೀರಿ ಅನ್ನುವುದು ಮುಖ್ಯ. ಬಾಯಿಯ ಕಡೆಯಿಂದ ಸವೆಸಿ ಮೊನೆ ಮಾಡಿದರೆ, ಮಡಚಿದಾಗ ಆ ಮೊನೆ ಹಿಡಿಯಿಂದ ಹೊರಗೆ ಇಣುಕಿ ಜೇಬಿಗೆ ಚುಚ್ಚುತ್ತದೆ. ಬೆನ್ನ ಕಡೆಯಿಂದ ಸವೆಸಿ. ಮೊನೆ ಕೆಳಗಿಳಿದು ಹಿಡಿಯೊಳಗೆ ಅಡಗುತ್ತದೆ, ಬಾಯಿಯೂ ಹಾಳಾಗುವುದಿಲ್ಲ. ಆಮೇಲೆ ಬಾಯಿಯನ್ನು ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಓರೆಯಲ್ಲಿ ನಯವಾದ ಮುಖದ ಮೇಲೆ ಮಸೆಯಿರಿ. ಕೀಲಿಗೆ ಮೊದಲೇ ಟೇಪ್ ಸುತ್ತಿದ್ದರೆ ಕಲ್ಲಿನ ಕೆಸರು ಒಳಗೆ ಹೋಗಲ್ಲ.

ಅಲಗು ನಡುವೆಯೇ ಮುರಿದಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ರಿವೆಟ್ ಕೊರೆದು ತೆಗೆದು ಮತ್ತೆ ಅದೇ ಬಿಗಿಗೆ ಹೊಡೆಯಲು ಸರಿಯಾದ ಪಿನ್ ಮತ್ತು ಕೈಚಳಕ ಎರಡೂ ಬೇಕು, ಸರ್ವಿಸ್‌ಗೆ ಕಳಿಸುವುದೇ ಸರಿ. ಮನೆಯಲ್ಲೇ ಪೂರ್ತಿ ಬಿಚ್ಚಿ ತೊಳೆಯಬೇಕು ಅನ್ನುವ ಆಸೆ ಇದ್ದವರಿಗೆ ಲೆದರ್‌ಮ್ಯಾನ್ ವೇವ್ ಪ್ಲಸ್‌ನಂಥ ಇಕ್ಕಳದ ಸಾಮಾನು ಒಳ್ಳೆಯದು. ಅದನ್ನು ಟಾರ್ಕ್ಸ್ (ತಲೆಯಲ್ಲಿ ನಕ್ಷತ್ರದಾಕಾರದ ಗುಳಿ ಇರುವ) ಬೋಲ್ಟ್‌ಗಳಿಂದ ಜೋಡಿಸಿರುತ್ತಾರೆ, ಇಕ್ಕಳದಲ್ಲಿರುವ ತಂತಿ ಕತ್ತರಿಸುವ ತುಂಡುಗಳನ್ನು ಬದಲಿಸಲೂ ಬರುತ್ತದೆ. ಬಿಚ್ಚುವಾಗ ಒಂದೊಂದು ಪದರಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ, ವಾಷರ್‌ಗಳನ್ನು ಬಂದ ಸಾಲಿನಲ್ಲೇ ಬಿಳಿ ಬಟ್ಟೆಯ ಮೇಲೆ ಜೋಡಿಸಿಡಿ.