ಲೋಡ್ ಹೊರುವ ಡೀಸೆಲ್ ಪಿಕಪ್‌ನಲ್ಲಿ 5ಡಬ್ಲ್ಯು-40 ಫುಲ್ ಸಿಂಥೆಟಿಕ್: ದೀರ್ಘ ಬಳಕೆಯ ವಿಮರ್ಶೆ

ಎಂಥ ಗಾಡಿಯ ಮಾತು ಇದು ಎಂಬುದು ಮೊದಲು ಗೊತ್ತಿರಲಿ. ಕಾಮನ್ ರೈಲ್ ಟರ್ಬೊ ಡೀಸೆಲ್ ಎಂಜಿನ್, ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಕೆಲಸ ಅಂದರೆ ಲೋಡ್, ಏರು ರಸ್ತೆ, ನಡುನಡುವೆ ಟ್ರೇಲರ್. ಮೊದಲು ಹಾಕುತ್ತಿದ್ದದ್ದು 15ಡಬ್ಲ್ಯು-40 ಮಿನರಲ್, ಈಗ ಬಹಳ ಕಾಲದಿಂದ ಓಡುತ್ತಿರುವುದು 5ಡಬ್ಲ್ಯು-40 ಫುಲ್ ಸಿಂಥೆಟಿಕ್, ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಡೀಸೆಲ್ ಎಂಜಿನ್ ಆಯಿಲ್‌ಗೆ ಗೊತ್ತುಮಾಡಿದ ಸಿಕೆ-4 ದರ್ಜೆ. ತಣ್ಣನೆಯ ಸ್ಟಾರ್ಟ್ ಮತ್ತು ಕಾದ ಟರ್ಬೊ, ಈ ಎರಡು ಕಡೆ ಇದು ಕೊಟ್ಟ ಕಾಸಿಗೆ ಮೋಸವಿಲ್ಲದ ಆಯಿಲ್. ಮೈಲೇಜ್ ಏರುತ್ತದೆಂದು ಹಾಕುವುದಾದರೆ ಬೇಡ. ಲೋಡ್ ಗಾಡಿಯಲ್ಲಿ ಆ ವ್ಯತ್ಯಾಸ ಟೈರಿನ ಗಾಳಿ ಮತ್ತು ಡ್ರೈವರನ ಬಲಗಾಲಿನ ಲೆಕ್ಕದಲ್ಲೇ ಮುಳುಗಿಹೋಗುತ್ತದೆ.

ಡಬ್ಬಿಯ ಮುಂಭಾಗ ಓದಿ ಆಯಿಲ್ ಆರಿಸಬಾರದು. ಬೇಸ್ ಆಯಿಲ್‌ಗಳನ್ನು ಎಪಿಐ ಐದು ಗುಂಪು ಮಾಡಿದೆ. 4ನೇ ಗುಂಪು ಪಿಎಒ, ಅಂದರೆ ರಾಸಾಯನಿಕವಾಗಿ ಕಟ್ಟಿದ್ದು. 3ನೇ ಗುಂಪು ಕಚ್ಚಾ ತೈಲದಿಂದಲೇ ಬಂದು ಹೈಡ್ರೋಜನ್ ಸಂಸ್ಕರಣೆಯಲ್ಲಿ ಚೆನ್ನಾಗಿ ಶುದ್ಧವಾದದ್ದು, ಇದರ ವಿಸ್ಕಾಸಿಟಿ ಇಂಡೆಕ್ಸ್ 120 ಅಥವಾ ಮೇಲೆ (ಈ ಅಂಕಿ ಹೆಚ್ಚಿದ್ದಷ್ಟೂ ಬಿಸಿಗೆ ಆಯಿಲ್ ತೆಳುವಾಗುವುದು ಕಡಿಮೆ). 1999ರಲ್ಲಿ ಅಮೆರಿಕದ ಜಾಹೀರಾತು ತಕರಾರೊಂದು ಇತ್ಯರ್ಥವಾದ ಮೇಲೆ 3ನೇ ಗುಂಪನ್ನೂ ಅಲ್ಲಿ ಸಿಂಥೆಟಿಕ್ ಎಂದೇ ಮಾರಲಾಗುತ್ತಿದೆ. ಇದರಲ್ಲಿ ಹೌಹಾರುವಂಥದ್ದೇನೂ ಇಲ್ಲ. ಒಳ್ಳೆಯ 3ನೇ ಗುಂಪಿನ ಆಯಿಲ್ ಪಿಕಪ್‌ಗೆ ಧಾರಾಳ ಸಾಕು. ನೋಡಬೇಕಾದದ್ದು ಹಿಂಭಾಗದ ಸಣ್ಣ ಅಕ್ಷರ, ಸಾಧ್ಯವಾದರೆ ಕಂಪನಿಯ ಡೇಟಾ ಶೀಟ್. ಅದರಲ್ಲಿ ನೋಯಾಕ್ ಎಂಬ ಸಾಲು ಇರುತ್ತದೆ. 250 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಶೇಕಡಾ ಎಷ್ಟು ಆವಿಯಾಗುತ್ತದೆ ಎಂಬ ಲೆಕ್ಕ ಅದು. ಈ ಅಂಕಿ ಕಡಿಮೆ ಇದ್ದಷ್ಟೂ ಮಧ್ಯೆ ಟಾಪ್‌ಅಪ್ ಮಾಡುವ ಕೆಲಸ ಕಡಿಮೆ.

ಗ್ರೇಡ್ ವಿಚಾರದಲ್ಲಿ ಗೊಂದಲ ಜಾಸ್ತಿ. ಮೊದಲ ಸಂಖ್ಯೆ ಚಳಿಯದು. 5ಡಬ್ಲ್ಯು ಆಯಿಲನ್ನು ಕ್ರ್ಯಾಂಕಿಂಗ್‌ಗೆ ಪರೀಕ್ಷಿಸುವುದು ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯುವನ್ನು ಮೈನಸ್ 20ರಲ್ಲಿ. ಅಷ್ಟು ಚಳಿ ಕಾಣದ ಕಡೆ ಎರಡರಲ್ಲೂ ಎಂಜಿನ್ ತಿರುಗುತ್ತದೆ, ನಿಜ. ಆದರೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಮೇಲೆ ಹತ್ತಿ ಕ್ಯಾಮ್ ಮತ್ತು ಟರ್ಬೊ ಬೇರಿಂಗ್ ಮುಟ್ಟುವ ಹೊತ್ತಿನಲ್ಲಿ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ: ಬೆಳಗ್ಗಿನ ಮೊದಲ ಸ್ಟಾರ್ಟ್‌ನ ಟಪಟಪ ಸದ್ದು ಬೇಗ ಅಡಗುತ್ತದೆ.

ಕೊನೆಯ ಸಂಖ್ಯೆ ಕಾದ ಎಂಜಿನ್ನಿನದು. 40 ಎಂದರೆ 100 ಡಿಗ್ರಿಯಲ್ಲಿ ಆಯಿಲ್‌ನ ದಪ್ಪ (ವಿಸ್ಕಾಸಿಟಿ) 12.5ರಿಂದ 16.3 ಸೆಂಟಿಸ್ಟೋಕ್ಸ್, 30 ಎಂದರೆ 9.3ರಿಂದ 12.5. ಬೇರಿಂಗ್ ಉಳಿಸುವ ಅಂಕಿ ಇದಕ್ಕಿಂತ ಎಚ್‌ಟಿಎಚ್‌ಎಸ್, ಅಂದರೆ 150 ಡಿಗ್ರಿಯಲ್ಲಿ, ಭಾರೀ ಉಜ್ಜುವಿಕೆಯಲ್ಲಿ ಉಳಿಯುವ ದಪ್ಪ. 5ಡಬ್ಲ್ಯು-40ಕ್ಕೆ ಕನಿಷ್ಠ 3.5 (ಇಲ್ಲಿ ಅಳತೆ ಮಿಲಿಪಾಸ್ಕಲ್-ಸೆಕೆಂಡ್), ಸಾದಾ 30 ಗ್ರೇಡಿಗೆ ಕನಿಷ್ಠ 2.9. ಇಲ್ಲೇ ಒಂದು ಬಲೆ ಇದೆ. ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಗೊತ್ತುಮಾಡಿದ ಸಿ3 ದರ್ಜೆಯ 5ಡಬ್ಲ್ಯು-30ಕ್ಕೂ 3.5 ಕಡ್ಡಾಯ, ಸಿ2 ದರ್ಜೆಗೆ 2.9 ಇದ್ದರೆ ನಡೆಯುತ್ತದೆ. ಎರಡು ಡಬ್ಬಿಗಳ ಮುಖದ ಮೇಲೂ 5ಡಬ್ಲ್ಯು-30 ಎಂದೇ ಇರುತ್ತದೆ, ಟ್ರೇಲರ್ ಎಳೆಯುವಾಗ ಅವೆರಡೂ ಒಂದೇ ಆಯಿಲ್ ಅಲ್ಲ. ಎಪಿಐ ಎಫ್ಎ-4 ಎಂದು ಬರೆದದ್ದನ್ನಂತೂ ಮ್ಯಾನುಯಲ್ ಹೆಸರಿಸಿ ಹೇಳದ ಹೊರತು ಮುಟ್ಟಬೇಡಿ. ಅದು ಸಿಕೆ-4ರ ಜೊತೆಗೇ ಬಂದ ತೆಳು ಆಯಿಲ್, ಹಳೆಯ ಎಂಜಿನ್‌ಗಳಿಗೆ ಹೊಂದುವುದಿಲ್ಲ. ಹಾಗೆಂದು ಮ್ಯಾನುಯಲ್ 5ಡಬ್ಲ್ಯು-30 ಮಾತ್ರ ಎಂದಿರುವ ಎಂಜಿನ್ನಿಗೆ ದಪ್ಪ ಇದ್ದರೆ ಒಳ್ಳೆಯದು ಎಂದು 40 ಸುರಿಯುವುದೂ ಜಾಣತನವಲ್ಲ.

ಡಿಪಿಎಫ್ ಇದ್ದರೆ ಬೂದಿಯ ಲೆಕ್ಕ ಎಲ್ಲಕ್ಕಿಂತ ಮುಖ್ಯ. ಫಿಲ್ಟರಿನಲ್ಲಿ ಕೂತ ಮಸಿ ರೀಜನರೇಶನ್‌ನಲ್ಲಿ, ಅಂದರೆ ಎಂಜಿನ್ ಆಗಾಗ ಫಿಲ್ಟರನ್ನು ಕಾಯಿಸಿದಾಗ, ಸುಟ್ಟುಹೋಗುತ್ತದೆ. ಆಯಿಲ್‌ನ ಅಡಿಟಿವ್‌ಗಳಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತು ಸುಟ್ಟು ಬೂದಿಯಾಗಿ ಅಲ್ಲೇ ಉಳಿಯುತ್ತವೆ, ಎಷ್ಟು ರೀಜನ್ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ಸಲ್ಫೇಟೆಡ್ ಆ್ಯಶ್‌ಗೆ ಮಿತಿ ಇದೆ: ಸಿಕೆ-4ರಲ್ಲಿ ಗರಿಷ್ಠ ಶೇ. 1.0, ಸಿ3ಯಲ್ಲಿ 0.8. ಎಸಿಇಎಯದ್ದೇ ಎ3/ಬಿ4 ಎಂಬ ದರ್ಜೆಯ ಆಯಿಲ್ ಎಷ್ಟೇ ದುಬಾರಿ ಸಿಂಥೆಟಿಕ್ ಆಗಿರಲಿ, ಅದರ ಬೂದಿ 1.0ರಿಂದ 1.6ರವರೆಗೆ ಹೋಗಬಹುದು, ಡಿಪಿಎಫ್ ಗಾಡಿಗೆ ಅದು ಸಲ್ಲದು. ಎಪಿಐಯ ಹಳೆಯ ಸಿಐ-4 ದರ್ಜೆ ಬಂದದ್ದು 2002ರಲ್ಲಿ, ಡಿಪಿಎಫ್ ಸಾಮಾನ್ಯವಾಗುವ ಮುಂಚೆ, ಅದನ್ನೂ ಬಿಡಿ. ಮ್ಯಾನುಯಲ್ ಸಿ3 ಕೇಳಿದ್ದರೆ ಸಿಕೆ-4 ಸಾಕೆಂದು ತೀರ್ಮಾನಿಸಬೇಡಿ. ಎರಡನ್ನೂ ಪಾಲಿಸುವ ಆಯಿಲ್‌ಗಳು ಸಿಗುತ್ತವೆ, ಅಂಥದ್ದನ್ನೇ ಹುಡುಕಿ. ಪೆಟ್ರೋಲ್ ಟರ್ಬೊ ಪಿಕಪ್ ಇರುವವರಿಗೆ ಈ ಪ್ಯಾರಾ ಬೇಕಿಲ್ಲ. ಅವರಿಗೆ ಬೇಕಾದದ್ದು ಮ್ಯಾನುಯಲ್ ಹೇಳಿದ ಗ್ರೇಡಿನಲ್ಲಿ ಪೆಟ್ರೋಲ್ ಎಂಜಿನ್ನಿನ ದರ್ಜೆಯಾದ ಎಪಿಐ ಎಸ್‌ಪಿ ಅಥವಾ ಅದಕ್ಕಿಂತ ಹೊಸದು.

ಇನ್ನು ಜನ ಗಮನಿಸದೆ ಬಿಡುವ ತೊಂದರೆ: ಆಯಿಲ್‌ಗೆ ಡೀಸೆಲ್ ಸೇರುವುದು. ರೀಜನ್ ಮಾಡಲು ಹಲವು ಎಂಜಿನ್‌ಗಳು ಪಿಸ್ಟನ್ ಕೆಳಗಿಳಿಯುವಾಗ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತವೆ. ಅದರಲ್ಲಿ ಒಂದಿಷ್ಟು ಸಿಲಿಂಡರ್ ಗೋಡೆಗೆ ಅಂಟಿ, ರಿಂಗ್ ದಾಟಿ ಕೆಳಗೆ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಪೆಟ್ರೋಲಾದರೆ ಎಂಜಿನ್ ಕಾದಾಗ ಬಹುಪಾಲು ಆವಿಯಾದೀತು, ಡೀಸೆಲ್ ಅಷ್ಟು ಸುಲಭಕ್ಕೆ ಹೋಗದು. ಎರಡು ಮೂರು ಕಿಲೋಮೀಟರಿನ ಓಡಾಟ, ರೀಜನ್ ಅರ್ಧದಲ್ಲಿದ್ದಾಗಲೇ ಆಫ್ ಮಾಡುವುದು, ಇದು ದಿನವೂ ನಡೆದರೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯುವ ಬದಲು ಏರುತ್ತಾ ಬರುತ್ತದೆ. ಆಯಿಲ್ ಕುಡಿಯದ ಎಂಜಿನ್ ಎಂದು ಖುಷಿಪಡುವ ವಿಷಯವಲ್ಲ ಅದು. ಸಮತಟ್ಟು ಜಾಗ, ಆಫ್ ಮಾಡಿ ಹತ್ತು ನಿಮಿಷ, ಕಡ್ಡಿ ಒಮ್ಮೆ ಒರೆಸಿ ಮತ್ತೆ ಅದ್ದಿ ನೋಡಿ. ಗರಿಷ್ಠ ಗೆರೆ ದಾಟಿದ್ದರೆ ಕಿಲೋಮೀಟರ್ ಎಷ್ಟಾಗಿದೆ ಎಂದು ನೋಡದೆ ಬದಲಿಸಬೇಕು. ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ. ಮಟ್ಟ ವಿಪರೀತವಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಬ್ರೀದರ್ ಮೂಲಕ ಇನ್‌ಟೇಕ್‌ಗೆ ಹೋದ ಆಯಿಲನ್ನೇ ಇಂಧನ ಮಾಡಿಕೊಂಡು ಎಂಜಿನ್ ಕೈಮೀರಿ ಓಡಲೂಬಹುದು. ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿರುವ ಎಂಜಿನ್‌ಗಳಲ್ಲಿ ಇನ್ನೊಂದು ಅಪಾಯ: ಬೆಲ್ಟಿನ ರಬ್ಬರ್ ಮೆತ್ತಗಾಗಿ ಉದುರಿ ಆಯಿಲ್ ಪಂಪಿನ ಜಾಲರಿ ಕಟ್ಟುತ್ತದೆ. ಇದನ್ನೆಲ್ಲ ಯಾವ ಸಿಂಥೆಟಿಕ್ಕೂ ತಡೆಯುವುದಿಲ್ಲ. 40 ಗ್ರೇಡಿನಲ್ಲಿ ತೆಳುವಾಗುವುದನ್ನು ತಾಳಿಕೊಳ್ಳಲು ಒಂಚೂರು ಹೆಚ್ಚು ಆಸರೆ ಇದೆ, ಅಷ್ಟೇ.

ಬಣ್ಣ ನೋಡಿ ಗಾಬರಿಯಾಗುವವರಿಗೆ: ಡೀಸೆಲ್‌ನಲ್ಲಿ ಹೊಸ ಆಯಿಲ್ ಮೊದಲ ಓಟಕ್ಕೇ ಕಪ್ಪಾಗುತ್ತದೆ. ಮಸಿಯನ್ನು ತಳಕ್ಕೆ ಬಿಡದೆ ತೇಲಿಸಿ ಇಡುವುದೇ ಅದರ ಕೆಲಸ. ಹೆದರಬೇಕಾದದ್ದು ಹಾಲು ಬೆರೆಸಿದ ಕಾಫಿಯಂಥ ಬಣ್ಣ ಕಂಡರೆ. ಅದು ಕೂಲಂಟ್ ಸೇರಿದ ಗುರುತು. ಚಳಿಯಲ್ಲಿ ಸಣ್ಣ ಓಡಾಟದ ಗಾಡಿಯ ಮುಚ್ಚಳದಡಿ ಮಾತ್ರ ತೆಳು ಕೆನೆ ಕಂಡರೆ ಅದು ಬಹುಮಟ್ಟಿಗೆ ತೇವಾಂಶ, ಒಂದು ಉದ್ದದ ಓಟಕ್ಕೆ ಹೋಗುತ್ತದೆ. ಆಗಲೂ ಕೂಲಂಟ್ ಮಟ್ಟ ಒಮ್ಮೆ ನೋಡಿಬಿಡಿ.

ಬದಲಿಸುವಾಗ ಎಂಜಿನ್ ಬೆಚ್ಚಗಿರಲಿ, ಕೈ ಸುಡುವಷ್ಟಲ್ಲ. ಡ್ರೈನ್ ಬೋಲ್ಟ್ ಬಿಚ್ಚಿ ಧಾರೆ ಹನಿಯಾಗುವವರೆಗೆ ಬಿಡಿ. ಹಳೆಯ ವಾಷರ್ ಕೆಲವೊಮ್ಮೆ ಚೇಂಬರಿಗೇ ಅಂಟಿಕೊಂಡಿರುತ್ತದೆ, ಅದರ ಮೇಲೆ ಹೊಸದನ್ನು ಕೂರಿಸಿದರೆ ಸೋರುತ್ತದೆ. ಸ್ಪಿನ್-ಆನ್ ಫಿಲ್ಟರಿನಲ್ಲಿ ಇದೇ ತಪ್ಪು ದುಬಾರಿ: ಹಳೆ ಗ್ಯಾಸ್ಕೆಟ್ ಬ್ಲಾಕಿನಲ್ಲೇ ಉಳಿದು ಎರಡು ಸೇರಿದರೆ, ಒತ್ತಡ ಏರಿದಾಗ ಒಂದು ಜಾರಿ, ಕೆಲವೇ ನಿಮಿಷದಲ್ಲಿ ಆಯಿಲ್ ಪೂರ್ತಿ ರಸ್ತೆಗೆ. ಬೆರಳಾಡಿಸಿ ನೋಡಿ, ಹೊಸ ಗ್ಯಾಸ್ಕೆಟ್‌ಗೆ ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಚೇಂಬರ್ ಅಲ್ಯುಮಿನಿಯಂ ಆಗಿದ್ದರೆ ಬೋಲ್ಟನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ. ಉದ್ದ ಸ್ಪ್ಯಾನರ್ ಹಾಕಿ ಜೋರು ತೋರಿಸಿದರೆ ಥ್ರೆಡ್ ಹೋಗುತ್ತದೆ. ಮ್ಯಾನುಯಲ್ ಹೇಳಿದ್ದಕ್ಕಿಂತ ಅರ್ಧ ಲೀಟರ್ ಕಡಿಮೆ ಸುರಿದು ಸ್ಟಾರ್ಟ್ ಮಾಡಿ. ಆಯಿಲ್ ದೀಪ ಆರುವ ತನಕ ಆಕ್ಸಿಲರೇಟರ್ ಮುಟ್ಟಬೇಡಿ, ಟರ್ಬೊಗೆ ಇನ್ನೂ ಆಯಿಲ್ ತಲುಪಿರುವುದಿಲ್ಲ. ಆಫ್ ಮಾಡಿ, ಕಾದು, ಕಡ್ಡಿ ನೋಡಿ ಉಳಿದದ್ದನ್ನು ಸೇರಿಸಿ. ಆಯಿಲ್ ಲೈಫ್ ಮಾನಿಟರ್ ಇದ್ದರೆ ರೀಸೆಟ್ ಮಾಡುವುದನ್ನು ಮರೆಯಬೇಡಿ.

ಸಿಂಥೆಟಿಕ್ ಹಾಕಿದೆ, ಇನ್ನು ದುಪ್ಪಟ್ಟು ಓಡಿಸಬಹುದು ಎಂಬ ಲೆಕ್ಕ ಲೋಡ್ ಪಿಕಪ್‌ಗೆ ಹೊಂದುವುದಿಲ್ಲ. ಬೇಸ್ ಆಯಿಲ್ ಗಟ್ಟಿ ಇದ್ದರೂ ಮಸಿ, ಧೂಳು, ಡೀಸೆಲ್ ಸೇರುವ ವೇಗ ಅದೇ. ಟ್ರೇಲರ್, ಧೂಳು, ಗಂಟೆಗಟ್ಟಲೆ ಐಡಲ್ ಇವೆಲ್ಲ ಮ್ಯಾನುಯಲ್‌ನ ಕಠಿಣ ಬಳಕೆಯ ಪಟ್ಟಿಗೆ ಬರುತ್ತವೆ, ಆ ಅವಧಿಯನ್ನೇ ಪಾಲಿಸಿ. ಮೀರುವ ಆಸೆ ಇದ್ದರೆ ಲ್ಯಾಬ್ ಪರೀಕ್ಷೆ ಮಾಡಿಸಿ: ಡ್ರೈನ್ ಧಾರೆಯ ನಡುಭಾಗದಿಂದ ಶುದ್ಧ ಸೀಸೆಗೆ ಸ್ಯಾಂಪಲ್ ಹಿಡಿದು, 100 ಡಿಗ್ರಿ ವಿಸ್ಕಾಸಿಟಿ, ಟಿಬಿಎನ್ (ಆಮ್ಲವನ್ನು ತಣಿಸಲು ಆಯಿಲ್‌ನಲ್ಲಿ ಉಳಿದ ಶಕ್ತಿ), ಟ್ಯಾನ್ (ಸೇರಿಕೊಂಡ ಆಮ್ಲ), ಡೀಸೆಲ್ ಪ್ರಮಾಣ, ಲೋಹಗಳನ್ನು ಕೇಳಿ. ಟಿಬಿಎನ್ ಅರ್ಧಕ್ಕಿಳಿದರೆ ಆ ಆಯಿಲ್ ಮುಗಿದಂತೆಯೇ. ಸಿಲಿಕಾನ್ ಜೊತೆ ಕಬ್ಬಿಣವೂ ಏರಿದ್ದರೆ ಆಯಿಲ್ ಬ್ರಾಂಡ್ ಬೈಯುವ ಮೊದಲು ಏರ್ ಫಿಲ್ಟರ್ ಬಾಕ್ಸಿನ ಕ್ಲಿಪ್ ಮತ್ತು ಪೈಪ್ ನೋಡಿ, ಧೂಳು ಅಲ್ಲಿಂದ ನುಗ್ಗುತ್ತಿರುತ್ತದೆ. ಸೋಡಿಯಂ, ಪೊಟ್ಯಾಸಿಯಂ ಕಂಡರೆ ಕೂಲಂಟ್ ಮೇಲೆ ಅನುಮಾನ ಪಡಿ.

ದೂರು ಹೇಳಬೇಕೆಂದರೆ ಒಂದಿದೆ. ವಯಸ್ಸಾದ ಎಂಜಿನ್‌ಗಳಲ್ಲಿ ಮಿನರಲ್‌ನಿಂದ ಇದಕ್ಕೆ ಬಂದ ಮೇಲೆ ಕ್ರ್ಯಾಂಕಿನ ಹಿಂಬದಿಯ ಸೀಲ್ ಹತ್ತಿರ ಒಸರು ಕಾಣಬಹುದು. ಸೀಲ್ ಮೊದಲೇ ಗಟ್ಟಿಯಾಗಿ ಬಿರಿದಿರುತ್ತದೆ, ಹಳೆಯ ಆಯಿಲ್‌ನ ಕೆಸರು ಅದನ್ನು ಮುಚ್ಚಿರುತ್ತದೆ. ಕೆಸರು ಕರಗಿತು, ಸೋರಿಕೆ ಹೊರಬಿತ್ತು. ಟಾಪ್‌ಅಪ್‌ಗೆ ಅದೇ ಬ್ರಾಂಡ್ ಸಿಗದಿದ್ದರೆ ಪರವಾಗಿಲ್ಲ, ಅದೇ ದರ್ಜೆಯ ಬೇರೆ ಆಯಿಲ್ ಅರ್ಧ ಲೀಟರ್ ಸೇರಿದರೆ ಏನೂ ಆಗದು. ಪ್ರತ್ಯೇಕವಾಗಿ ಮಾರುವ ಅಡಿಟಿವ್ ಬಾಟಲಿ ಮಾತ್ರ ಬೇಡ, ಬೂದಿಯ ಲೆಕ್ಕ ಕೆಡುತ್ತದೆ.

ಡಿಪಿಎಫ್ ಇಲ್ಲದ, ಬೆಚ್ಚಗಿನ ಹವೆಯಲ್ಲಿ ಓಡುವ ಹಳೆಯ ಡೀಸೆಲ್ ಪಿಕಪ್‌ಗೆ ಮ್ಯಾನುಯಲ್ 15ಡಬ್ಲ್ಯು-40 ಹೇಳಿದ್ದರೆ ಅದನ್ನೇ ಹೊತ್ತಿಗೆ ಸರಿಯಾಗಿ ಬದಲಿಸಿ. ಉಳಿದ ಕಾಸನ್ನು ಫಿಲ್ಟರ್ ಮೇಲೆ ಹಾಕಿ. ಫಿಲ್ಟರ್ ಅಡ್ಡಡ್ಡ ಕೂರುವ ಎಂಜಿನ್ನಾದರೆ ಒಳಗಿನ ಆ್ಯಂಟಿ-ಡ್ರೈನ್‌ಬ್ಯಾಕ್ ವಾಲ್ವ್ ಸಿಲಿಕೋನ್‌ನದ್ದೇ ಇರಲಿ. ನೈಟ್ರೈಲ್‌ನದ್ದು ಶಾಖಕ್ಕೆ ಬೇಗ ಗಟ್ಟಿಯಾಗಿ ಆಯಿಲನ್ನು ಹಿಂದಕ್ಕೆ ಬಿಡುತ್ತದೆ, ಬೆಳಗ್ಗಿನ ಟಪಟಪಕ್ಕೆ ಎಷ್ಟೋ ಸಲ ಕಾರಣ ಅದೇ ಆಗಿರುತ್ತದೆ.